ಬಂಗಡೆ ಬುಟ್ಟಿಗೆ ದಾರಿ ಬಿಟ್ಟ ರೇಸು

ನನಗೆ ವಾಹನ ಓಡಿಸಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಇಲ್ಲವಾದರೆ ಮುಂದೆ ನಾನು ಗಿಯರು, ಇಂಜಿನ್ನು, ತಿರುವು ಎಂದು ಮಾತಾಡುವ ಗತ್ತು ನೋಡಿ ಯಾರಾದರೂ ತಮ್ಮ ಕಾರಿನ ಚಾವಿಯನ್ನು ನನ್ನ ಕೈಗೆ ಕೊಟ್ಟುಬಿಟ್ಟಾರು. ಹರೆಯದಲ್ಲಿ ಒಮ್ಮೆ ಸ್ಕೂಟರ್ ಕಲಿಯಲು ಹೊರಟದ್ದುಂಟು. ಅದು ನನ್ನನ್ನು ಕೆಸರು ಗದ್ದೆಗೆ ಇಳಿಸಿ, ತಾನು ಮಾತ್ರ ಗದ್ದೆಯಂಚಿನಲ್ಲಿ ಒರಗಿಕೊಂಡು ಬಹಳ ಹೊತ್ತು ಗುರುಗುಟ್ಟುತ್ತಿತ್ತು. ಆವತ್ತಿನಿಂದ ನಮ್ಮಿಬ್ಬರಿಗೂ ಮಾತಿಲ್ಲ. ಆದರೆ ನೋಡುವ ವಿಚಾರಕ್ಕೆ ಬಂದರೆ ನಾನು ಯಾರಿಗೂ ಸೋಲುವವನಲ್ಲ. ಅಡುಗೆ ಬಾರದವರೇ ಸಾರಿನಲ್ಲಿ ಉಪ್ಪು ಹೆಚ್ಚು ಎಂದು ಖಚಿತವಾಗಿ ಹೇಳುವುದು. ಓಡಿಸಲು ಬಾರದವನೇ ಗಾಡಿಯನ್ನು ನಿಶ್ಚಿಂತೆಯಿಂದ ನೋಡುವುದು.

ನೋಡುವುದಕ್ಕೆ ನನಗೆ ಬೇಕಾದದ್ದು ಒಂದು ಪ್ಲಾಸ್ಟಿಕ್ ಕುರ್ಚಿ ಮತ್ತು ಒಂದು ಗಿಡ್ಡ ಗೋಡೆ. ಹೊನ್ನಾವರದಿಂದ ಕುಮಟಾ ಕಡೆಗೆ ಹೊರಟರೆ ಕರ್ಕಿಯಲ್ಲಿ ಹೆದ್ದಾರಿಗೆ ತಾಗಿಯೇ ನಮ್ಮ ಮನೆ. ಅಂಗಳದ ಸುತ್ತ ಸೊಂಟದೆತ್ತರದ ಕೆಂಪು ಚಿರೇಕಲ್ಲಿನ ಗೋಡೆ. ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ, ಸಂಜೆಯ ಚಹಾ ಆದದ್ದೇ ಗೋಡೆಯ ಬದಿಗೆ ಕುರ್ಚಿ ಹಾಕಿಕೊಂಡು, ಮೊಣಕೈಯನ್ನು ಕಲ್ಲಿನ ಮೇಲೆ ಊರಿ ಕೂರುತ್ತೇನೆ. ಮುರ್ಡೇಶ್ವರಕ್ಕೆ ಹೋಗುವ ಪ್ರವಾಸಿ ಬಸ್ಸು, ಗೋವಾಕ್ಕೆ ಹೋಗುವ ಮೀನಿನ ಲಾರಿ, ತಲೆ ತುಂಬ ಸಾಮಾನು ಹೊತ್ತ ಕಾರು, ಎಲ್ಲವೂ ನನ್ನ ಮುಂದೆ ಹಾದು ಹೋಗಬೇಕು. ಈ ಕಾರ್ಯಕ್ರಮಕ್ಕೆ ನನ್ನ ಹೆಂಡತಿ ಶಾರದೆ ಇಟ್ಟ ಹೆಸರು ‘ಡ್ಯೂಟಿ’. ಹೆದ್ದಾರಿ ಅಗಲವಾಗಿ ರಸ್ತೆ ಮನೆಯ ಹತ್ತಿರಕ್ಕೆ ಬಂದ ಮೇಲೆ ಧೂಳು ಒಳಮನೆಯ ತನಕ ಬರತೊಡಗಿತು. ಅವಳ ತಾಳ್ಮೆ ಮುಗಿಯಿತು.

“ಲಾರಿ ನೋಡೂದು ನೀವು, ಲಾರಿ ಧೂಳು ಒರ್ಸೂದು ನಾನು. ಗೋಡೆ ಮೇಲೆ ಇನ್ನೂ ಮೂರು ಸಾಲು ಕಲ್ಲು ಏರಿಸ್ತೆ. ಮೇಸ್ತ್ರಿಗೆ ಹೇಳಿ ಆತು.”

ಮೂರು ಸಾಲು ಏರಿದರೆ ಕುರ್ಚಿಯಲ್ಲಿ ಕೂತವನಿಗೆ ಚಿರೇಕಲ್ಲಿನ ತೂತುಗಳಲ್ಲದೆ ಬೇರೇನೂ ಕಾಣದು. ನಾನು ಗಾಳಿ, ಬೆಳಕು, ವಾಸ್ತುಶಾಸ್ತ್ರ ಎಲ್ಲವನ್ನೂ ಎಳೆದು ತಂದೆ. ಶಾರದೆ ಒಂದಕ್ಕೂ ಬಗ್ಗಲಿಲ್ಲ. ನಿಜವಾದ ಕಾರಣವನ್ನು ಹೇಳಲು ಬಾಯಿ ತೆರೆದರೆ “ಶುರುವಾತು, ಹಾಡಿದ್ದೇ ಹಾಡೋ ಕಿಸಬಾಯಿ ದಾಸ” ಎಂದು ಅಡುಗೆಮನೆಗೆ ನಡೆದುಬಿಡುತ್ತಾಳೆ. ಆದ್ದರಿಂದ ಅದನ್ನು ನಿಮಗೆ ಹೇಳುತ್ತೇನೆ. ನಿಮಗೆ ಎದ್ದು ಹೋಗಲು ಅಡುಗೆಮನೆ ಹತ್ತಿರವಿಲ್ಲವೆಂಬ ಧೈರ್ಯ ನನ್ನದು.

ನಾನು ಹೊನ್ನಾವರದಲ್ಲಿ ಕಾಲೇಜು ಓದುತ್ತಿದ್ದಾಗ ಕರಾವಳಿಯ ಈ ರಸ್ತೆಯಲ್ಲಿ ಕೆಲವು ವರ್ಷ ಮೋಟಾರು ರೇಸು ಹಾದುಹೋಗುತ್ತಿತ್ತು. ಒಂದೇ ಮೈದಾನದಲ್ಲಿ ಗರಗರ ಸುತ್ತುವ ರೇಸಲ್ಲ. ಹಗಲಿರುಳು ದಿನಗಟ್ಟಲೆ, ಊರಿಂದೂರಿಗೆ, ಘಟ್ಟ ಹತ್ತಿ ಘಟ್ಟ ಇಳಿದು ಓಡುವ ಓಟ. ಗೆಲ್ಲುವುದಕ್ಕೆ ವೇಗಕ್ಕಿಂತ ತಾಳಿಕೊಳ್ಳುವ ಶಕ್ತಿ ಮುಖ್ಯ ಎಂದು ಆ ಪಂಥದ ತಿಳಿದವರು ಹೇಳುತ್ತಿದ್ದರು. ಆ ಶಕ್ತಿಯ ಅಸಲಿ ಪರೀಕ್ಷೆ ನಡೆಯುತ್ತಿದ್ದದ್ದು ನಮ್ಮ ಶರಾವತಿಯ ದಂಡೆಯಲ್ಲಿ. ಏಕೆಂದರೆ ಆಗ ಹೊಳೆಗೆ ಸೇತುವೆ ಇರಲಿಲ್ಲ. ಮಂಗಳೂರಿನ ಕಡೆಯಿಂದ, ಭಟ್ಕಳ ದಾಟಿ, ಬೆಂಕಿ ಬಿದ್ದವರ ಹಾಗೆ ಓಡಿ ಬಂದ ಕಾರುಗಳೆಲ್ಲ ಆಚೆ ದಂಡೆಯ ಕಾಸರಕೋಡಿಗೆ ಬಂದು ತಲುಪಿ, ಇಂಜಿನ್ ಆರಿಸಿ, ಹೊಳೆ ದಾಟಿಸುವ ಬಾರ್ಜಿಗಾಗಿ ಕಾಯಬೇಕಿತ್ತು.

ಬಾರ್ಜು ನಡೆಸುವ ತಾಂಡೇಲ ಜಟ್ಟಪ್ಪ ಎಂಬವ. ನೀರಿನ ಮೇಲೆ ಅವನ ಮಾತೇ ಕಾನೂನು. ಆ ಕಾನೂನಿನ ಮೊದಲ ಕಲಮು, ಮೀನಿನ ಬುಟ್ಟಿ ಮೊದಲು ಹತ್ತಬೇಕು ಎಂಬುದು. ಮೀನು ಮಾರುವ ಹೆಂಗಸರು ತಲೆಯ ಮೇಲೆ ಬಂಗಡೆ, ತಾರ್ಲಿ ಹೊತ್ತು ಸಾಲಾಗಿ ಹತ್ತಿ, ಬುಟ್ಟಿ ಇಳಿಸಿ, ಎಲೆಯಡಿಕೆಯ ಕವಳ ಹಾಕಿಕೊಂಡು ನೆಮ್ಮದಿಯಾಗಿ ಕೂತ ಮೇಲೆ ಉಳಿದ ಜಾಗ ಮಿಕ್ಕವರಿಗೆ. ಒಮ್ಮೆ ಎಲ್ಲರಿಗಿಂತ ಮುಂದಿದ್ದ ಹಸಿರು ಕಾರಿನ ತರುಣನೊಬ್ಬ ತಲೆಯ ಮೇಲಿನ ಟೊಪ್ಪಿಗೆಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು, ನಾವು ರೇಸಿನಲ್ಲಿದ್ದೇವೆ, ಒಂದೊಂದು ನಿಮಿಷವೂ ಲೆಕ್ಕಕ್ಕುಂಟು ಎಂದು ಅಂಗಲಾಚಿದನಂತೆ. ಜಟ್ಟಪ್ಪ ಅವನನ್ನು ಕನಿಕರದಿಂದಲೇ ನೋಡಿದನಂತೆ. “ತಮಾ, ನಿನ್ನ ಗಾಡಿ ಸಂಜಿಕೂ ಗಾಡಿಯೇ. ಈ ಬಂಗಡೆ ಮಧ್ಯಾಹ್ನ ದಾಟಿದ್ರೆ ಬಂಗಡೆ ಅಲ್ಲ” ಎಂದನಂತೆ. ಅಷ್ಟರಲ್ಲಿ ಹಿಂದೆ ಬಿದ್ದಿದ್ದ ಕಾರುಗಳೂ ಬಂದು ಸೇರಿಕೊಂಡವು. ಮೊದಲನೆಯವನೂ ಕೊನೆಯವನೂ ಒಂದೇ ಬಾರ್ಜಿನಲ್ಲಿ, ಒಂದೇ ಬುಟ್ಟಿಯ ವಾಸನೆ ಕುಡಿಯುತ್ತ ಹೊಳೆ ದಾಟಿದರು.

ನಾನು ಮತ್ತು ನನ್ನ ಸಹಪಾಠಿ, ಭಟ್ಕಳದ ಇಸ್ಮಾಯಿಲ್, ಈಚೆ ದಂಡೆಯ ಇಳಿಜಾರಿನಲ್ಲಿ ಒಂದೇ ಕೊಡೆಯ ಕೆಳಗೆ ನಿಂತು ಬಾರ್ಜು ಬರುವುದನ್ನು ನೋಡುತ್ತಿದ್ದೆವು. ಆ ನೋಟ ಈಗಲೂ ಕಣ್ಣು ಮುಚ್ಚಿದರೆ ಬರುತ್ತದೆ. ಬೆಳಗಿನ ಬಿಸಿಲು ಅಳಿವೆಯ ನೀರಿನ ಮೇಲೆ ಹರಡಿಕೊಂಡಿದೆ. ಮೂರು ದಿನದ ಧೂಳು ಹೊತ್ತ ಕಾರುಗಳು ಒಂದು ಸದ್ದೂ ಮಾಡದೆ ನೀರಿನ ಮೇಲೆ ತೇಲಿ ನಮ್ಮ ಕಡೆಗೆ ಬರುತ್ತಿವೆ. ಬಾಗಿಲಿಗೆ ಬರೆದ ನಂಬರುಗಳು ನಿಧಾನಕ್ಕೆ ದೊಡ್ಡವಾಗುತ್ತಿವೆ. ದಾರಿಯುದ್ದಕ್ಕೂ ಒಬ್ಬರನ್ನೊಬ್ಬರು ಹಿಂದೆ ಹಾಕಲು ಜೀವ ತೇಯ್ದವರು ಬಾನೆಟ್ಟಿಗೆ ಒರಗಿ ಒಂದೇ ಕಡ್ಡಿಯಲ್ಲಿ ಇಬ್ಬರು ಸಿಗರೇಟು ಹಚ್ಚುತ್ತಿದ್ದಾರೆ. ಒಬ್ಬ ಬುಟ್ಟಿಗೆ ತಲೆ ಕೊಟ್ಟು ನಿದ್ದೆ ಹೋಗಿದ್ದಾನೆ. ಪ್ರಪಂಚದ ಅತ್ಯಂತ ಅವಸರದ ಜನ ನಮ್ಮ ಹೊಳೆಯ ಮೇಲೆ ಅರ್ಧ ಗಂಟೆ ಏನೂ ಮಾಡದೆ ಕೂತಿದ್ದಾರೆ. ಅದಕ್ಕಿಂತ ಸುಖವಾದ ನೋಟವನ್ನು ನಾನು ಮತ್ತೆ ಕಂಡಿಲ್ಲ. ಆಮೇಲೆ ಬಾರ್ಜು ತಾಗುತ್ತಿತ್ತು, ಬುಟ್ಟಿಗಳು ಇಳಿಯುತ್ತಿದ್ದವು, ಎಲ್ಲ ಇಂಜಿನ್ನುಗಳೂ ಒಟ್ಟಿಗೆ ಎಚ್ಚರಾಗುತ್ತಿದ್ದವು. ಬ್ರುಂಮ್‌... ಬ್ರೋಂವ್‌... ಎರಡನೆಯ ಗಿಯರಿಗೆ ಬೀಳುವಾಗ ನಡುವೆ ಸಣ್ಣದೊಂದು ಬಿಕ್ಕಳಿಕೆ, ಆಮೇಲೆ ಉದ್ದಕ್ಕೆ ಎಳೆದ ವ್ರೇಂಂಂ... ಬರವಣಿಗೆಯಲ್ಲಿ ಇದು ಸರಿಯಾಗಿ ಬರುವುದಿಲ್ಲ. ಬಾಯಲ್ಲಿ ಮಾಡಿ ತೋರಿಸಬಲ್ಲೆ.

ಮದುವೆಯಾದ ಹೊಸತರಲ್ಲಿ ಶಾರದೆಗೆ ಮಾಡಿ ತೋರಿಸಿದ್ದೆ. ಅವಳು ಗಾಬರಿಯಾಗಿ ನೀರು ತಂದುಕೊಟ್ಟಳು. ಕಥೆಯನ್ನಂತೂ ಅವಳು ಈ ತನಕ ನಂಬಿಲ್ಲ. ಅವಳ ತವರು ಕುಮಟಾ. ಅವಳು ಈ ಕಡೆ ಬರುವಾಗ ಹೊಳೆಗೆ ಸೇತುವೆ ಆಗಿತ್ತು. “ರೇಸಿನ ಕಾರು ಬಂಗಡೆಗೆ ದಾರಿ ಬಿಟ್ಟು ನಿಲ್ತದ್ಯಾ? ಹೇಳೂ ಸುಳ್ಳಿಗೂ ಒಂದು ಲೆಕ್ಕ ಬೇಕು” ಎಂಬುದು ಅವಳ ಖಾಯಂ ತೀರ್ಪು. ಸೇತುವೆಯಾದ ಮೇಲೆ ಆ ರೇಸೂ ಯಾಕೋ ನಿಂತುಹೋಯಿತು. ನನಗೆ ಉಳಿದದ್ದು ಗಿಡ್ಡ ಗೋಡೆ, ಕುರ್ಚಿ, ಮತ್ತು ಈ ರಸ್ತೆಯಲ್ಲಿ ಅಂಥ ಒಂದು ಕಾರು ಇನ್ನೊಮ್ಮೆ ಬಂದೀತು ಎಂಬ ಮಂಕು ಆಸೆ. ಅದನ್ನೇ ಶಾರದೆ ಲಾರಿ ನೋಡುವ ಚಟ ಎಂದು ತಿಳಿದಿದ್ದಾಳೆ.

ಆಸೆಗೆ ಕಾಲು ಬಂದದ್ದು ಈ ಜನವರಿಯಲ್ಲಿ. ಆ ಕಾಲದ ರೇಸಿನ ಕಾರುಗಳನ್ನು ಜೋಪಾನ ಮಾಡಿಟ್ಟವರೆಲ್ಲ ಸೇರಿ ಹಳೆಯ ದಾರಿಯಲ್ಲೇ ಮಂಗಳೂರಿನಿಂದ ಗೋವಾಕ್ಕೆ ಹೋಗುತ್ತಾರೆ, ಶನಿವಾರ ಬೆಳಿಗ್ಗೆ ಹೊನ್ನಾವರ ದಾಟುತ್ತಾರೆ ಎಂದು ಪತ್ರಿಕೆಯಲ್ಲಿ ಬಂತು. ನಾನು ಪತ್ರಿಕೆ ಹಿಡಿದು ಅಡುಗೆಮನೆಗೆ ಓಡಿದೆ. ಮೇಸ್ತ್ರಿ ಬರುವುದೂ ಶನಿವಾರವೇ ಇತ್ತು. ಒಂದೇ ಒಂದು ದಿನ ಗೋಡೆ ಕೆಲಸ ಮುಂದೆ ಹಾಕು, ಕೊನೆಯದಾಗಿ ಒಮ್ಮೆ ನೋಡಿಕೊಳ್ಳುತ್ತೇನೆ, ಆಮೇಲೆ ಬೇಕಾದರೆ ಆಕಾಶದ ತನಕ ಏರಿಸು ಎಂದು ಬೇಡಿಕೊಂಡೆ. ಸಾಯುವವನ ಕೊನೆಯಾಸೆಯ ದನಿ ಬಂತೇನೋ. ಶಾರದೆ ಸೌಟು ಕೆಳಗಿಟ್ಟು, “ಆತು, ಸೋಮವಾರ ಬರೂಕೆ ಹೇಳ್ತೆ. ಆಮೇಲೆ ಉಸಿರು ಎತ್ತೂಕಿಲ್ಲ” ಎಂದಳು.

ಇಸ್ಮಾಯಿಲನಿಗೆ ಫೋನು ಮಾಡಿದೆ. ಅವನು ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಭಟ್ಕಳದಿಂದ ಬಂದಿಳಿದ. ನನ್ನ ಗೋಡೆ, ಕುರ್ಚಿ ಎಲ್ಲ ನೋಡಿ ತಲೆಯಾಡಿಸಿದ.

“ಇಲ್ಲಿ ಎಂತ ಕಾಣ್ತದೆ ಮಾರಾಯ? ಶಂಯ್ ಅಂತ ಹೋಗಿಬಿಡ್ತಾರೆ. ಮುಖ ಕಾಣೂದಿಲ್ಲ, ನಂಬರು ಕಾಣೂದಿಲ್ಲ. ನಮ್ಮ ಹಳೇ ಜಾಗಕ್ಕೇ ಹೋಗುವ. ಅಲ್ಲಾದ್ರೆ ಅವರು ನಿಲ್ಲಲೇಬೇಕು.”

ಎಷ್ಟು ಸರಿಯಾದ ಮಾತು ಎನ್ನಿಸಿತು ನನಗೆ. ಮುಂಚಿನ ದಿನ ಮೇಸ್ತ್ರಿಯ ಲಾರಿ ಚಿರೇಕಲ್ಲುಗಳನ್ನು ತಂದು ನಮ್ಮ ಗೇಟಿಗೆ ಅಡ್ಡವಾಗಿಯೇ ಸುರಿದು ಹೋಗಿತ್ತು. ಇಬ್ಬರೂ ಪಂಚೆ ಎತ್ತಿಕಟ್ಟಿ ಗೋಡೆ ಹತ್ತಿ ಆಚೆ ಇಳಿದೆವು. “ಗೋಡೆ ಕೆಲಸ ನಿಲ್ಸಿದ್ದು ಎಂತಕೆ ಮತ್ತೆ?” ಎಂದು ಶಾರದೆ ಹಿಂದಿನಿಂದ ಕೂಗಿದ್ದು ಕೇಳಿಸಿತು. ಅಷ್ಟರಲ್ಲಿ ರಿಕ್ಷಾ ಸಿಕ್ಕಿತು, ಹತ್ತಿಬಿಟ್ಟೆವು.

ಹಳೆಯ ಬಾರ್ಜು ಕಟ್ಟೆ ಈಗಲೂ ಇದೆ. ಇಳಿಜಾರಿನ ಕಲ್ಲುಗಳ ಮೇಲೆ ಪಾಚಿ, ಸಂದಿಯಲ್ಲಿ ಏಡಿ, ಪಕ್ಕದಲ್ಲಿ ಒಣಹಾಕಿದ ಬಲೆ. ಕೊಡೆ ಬಿಚ್ಚಿ ನಮ್ಮ ಹಳೆಯ ಜಾಗದಲ್ಲೇ ಕೂತೆವು. ಉಬ್ಬರ ಏರುತ್ತಿತ್ತು. ಕಾಸರಕೋಡಿನ ದಂಡೆ ಮಂಜಿನಲ್ಲಿ ತೆಳ್ಳಗೆ ಕಾಣುತ್ತಿತ್ತು. ಇಸ್ಮಾಯಿಲ್ ಆಚೆ ದಂಡೆಯಿಂದ ಕಣ್ಣು ಕೀಳದೆ, ಹಸಿರು ಕಾರು ಈ ಸಲ ಬಂದೀತೇ ಎಂದು ಕೇಳಿದ. ಆ ತರುಣನಿಗೂ ಈಗ ನಮ್ಮದೇ ಮಂಡಿನೋವು ಇರಬಹುದು ಎಂದೆ. ಗಾಳಿ ಹಿತವಾಗಿತ್ತು. ಅರವತ್ತು ದಾಟಿದ ಮೇಲೆ ಬರುವ ಅಪರೂಪದ ಸುಖಗಳಲ್ಲಿ ಇದೂ ಒಂದು, ಹಳೆಯ ಗೆಳೆಯನ ಪಕ್ಕದಲ್ಲಿ ಕೂತು ಬರಲಿರುವುದಕ್ಕೆ ಕಾಯುವುದು. ಕಾಯುತ್ತ ಕಾಯುತ್ತ ನಾನು ಹತ್ತೊಂಬತ್ತು ವರ್ಷದವನಾಗಿಬಿಟ್ಟಿದ್ದೆ. ಬಲೆ ಹೆಣೆಯುತ್ತಿದ್ದ ಹೆಂಗಸೊಬ್ಬಳು ಬಹಳ ಹೊತ್ತು ನಮ್ಮನ್ನು ನೋಡಿ ಕೇಳಿದಳು.

“ಎಂತ ಒಡೆಯಾ, ಯಾರಿಗೆ ಕಾಯ್ತಿದ್ರಿ?”

“ಕಾರಿಗೆ” ಎಂದೆ.

ಅವಳ ಕೈಯ ಸೂಜಿ ನಿಂತಿತು. “ಕಾರು ಹೊಳೀಲಿ ಬತ್ತದ್ಯಾ?”

ನಾವು ಉತ್ತರ ಕೊಡುವ ಮೊದಲೇ ಬಂತು ಆ ಸದ್ದು. ಹೊಳೆಯಿಂದಲ್ಲ, ಮೇಲಿನಿಂದ. ತಲೆ ಎತ್ತಿದರೆ ಸೇತುವೆಯ ಕಟಕಟೆಯ ಆಚೆ ಕೆಂಪು, ಬಿಳಿ, ನೀಲಿ ನೆತ್ತಿಗಳು ಒಂದರ ಹಿಂದೆ ಒಂದು ಸರಿದುಹೋಗುತ್ತಿದ್ದವು. ಕೆಳಗಿನಿಂದ ನೋಡುವವನಿಗೆ ಕಾಣುವುದು ಕಾರಿನ ತಲೆ ಮಾತ್ರ. ಸೇತುವೆ! ಊರಿಗೆಲ್ಲ ಗೊತ್ತಿರುವ, ನಾನು ನೂರಾರು ಸಲ ದಾಟಿದ, ಇಸ್ಮಾಯಿಲ್ ಅಂದೇ ಬೆಳಿಗ್ಗೆ ಬಸ್ಸಿನಲ್ಲಿ ದಾಟಿ ಬಂದ ಸೇತುವೆ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನನಗೆ ನಗು ಬಂತು. ಅಂದು ದಾಟಲು ಅರ್ಧ ಗಂಟೆ ಹಿಡಿಯುತ್ತಿದ್ದ ಹೊಳೆಯನ್ನು ಕಾರುಗಳು ನಾನು ಕೊಡೆ ಮಡಿಸುವಷ್ಟರಲ್ಲಿ ದಾಟಿ ಹೋಗಿದ್ದವು. ಇಷ್ಟು ವರ್ಷ ನಾನು ಹಂಬಲಿಸಿದ್ದು ರೇಸಿಗಲ್ಲ, ಅದು ನಮಗಾಗಿ ನಿಲ್ಲುತ್ತಿದ್ದ ಆ ಅರ್ಧ ಗಂಟೆಗೆ ಎಂದು ಆಗ ಗೊತ್ತಾಯಿತು. “ಬಾರ್ಜು ಇದ್ದಿದ್ರೆ...” ಎಂದು ಇಸ್ಮಾಯಿಲ್ ಶುರುಮಾಡಿ, ಅಲ್ಲಿಗೇ ನಿಲ್ಲಿಸಿದ.

ಹೋದ ಪುಟ್ಟ, ಬಂದ ಪುಟ್ಟ ಎಂಬಂತೆ ಮನೆಗೆ ಮರಳಿದೆವು. ಗೋಡೆಯ ಬದಿಗೆ ಡಾಮರಿನ ಮೇಲೆ ನೀರು ಚೆಲ್ಲಿತ್ತು. ಗೋಡೆಯ ಮೇಲೆ ಖಾಲಿ ಕೊಡಪಾನ, ಮುರುಗಲು ಶರಬತ್ತು ಕುಡಿದ ಎರಡು ಲೋಟ. ನನ್ನ ಕುರ್ಚಿಯಲ್ಲಿ ಶಾರದೆ ಕೂತಿದ್ದಳು. ಮುಖ ನೋಡಿದರೆ ಯಾರೋ ಸನ್ಮಾನ ಮಾಡಿ ಹೋದ ಹಾಗಿತ್ತು.

“ಹಸಿರು ಕಾರು” ಎಂದಳು. “ಇಲ್ಲೇ ನಿಲ್ತು. ಮುಂದಿಂದ ಬುಸುಬುಸು ಹೊಗೆ. ಓಡಿಸ್ತಿದ್ದದ್ದು ಮಗಳು, ಪಕ್ಕದಲ್ಲಿ ನಕಾಶೆ ಹಿಡ್ಕಂಡು ಅಪ್ಪ. ನೀರು ಬೇಕಂದ್ರು. ಗೇಟಿಗೆ ಕಲ್ಲು ಬಿದ್ದದ್ಯಲ್ಲ, ಬಾವಿಯಿಂದ ಸೇದಿ ಗೋಡೆ ಮೇಲಿಂದಲೇ ಕೊಟ್ಟೆ. ಮೂರು ಸಾಲು ಏರಿದ್ರೆ ಕೊಡೂಕೆ ಆಗ್ತಿತ್ತಾ?”

ನಾನು ಚಿರೇಕಲ್ಲಿನ ರಾಶಿಯ ಮೇಲೆ ಕೂತೆ. ಇಸ್ಮಾಯಿಲ್ ಪಕ್ಕಕ್ಕೆ ಬಂದು ಕೂತ. ಇಂಜಿನ್ ತಣಿಯುವ ತನಕ, ಅಂದರೆ ಸುಮಾರು ಅರ್ಧ ಗಂಟೆ, ಆ ಹಿರಿಯರು ನಮ್ಮ ಗೋಡೆಗೆ ಒರಗಿ ನಿಂತು ಶಾರದೆಯ ಜೊತೆ ಕೊಂಕಣಿಯಲ್ಲಿ ಮಾತಾಡಿದರಂತೆ. ಹರೆಯದಲ್ಲಿ ಇದೇ ಕಾರಿನಲ್ಲಿ ಈ ದಾರಿಯಲ್ಲಿ ಬಂದಿದ್ದರಂತೆ. ಹೊಳೆಯ ಹತ್ತಿರ ತಾಂಡೇಲನೊಬ್ಬ ತಮ್ಮನ್ನು ಬಂಗಡೆ ಬುಟ್ಟಿಯ ಹಿಂದೆ ನಿಲ್ಲಿಸಿದ್ದ, ಅವತ್ತು ಸಿಟ್ಟು ಬಂದಿತ್ತು, ಈಗ ಇಡೀ ರೇಸಿನಲ್ಲಿ ಅದೊಂದೇ ನೆನಪಿದೆ ಎಂದರಂತೆ. ಈಚೆ ದಂಡೆಯಲ್ಲಿ ಇಬ್ಬರು ಹುಡುಗರು ಒಂದೇ ಕೊಡೆಯ ಕೆಳಗೆ ನಿಂತು ಕೈಬೀಸಿದ್ದರು ಎಂದೂ ಹೇಳಿದರಂತೆ. ಅದು ನಾವೇ ಎಂದು ಇಸ್ಮಾಯಿಲ್ ಆಣೆ ಹಾಕಲು ಹೊರಟ. ಹೊನ್ನಾವರದಲ್ಲಿ ಆಗ ಬೇರೆಯವರ ಹತ್ತಿರವೂ ಕೊಡೆ ಇತ್ತು ಎಂದು ಶಾರದೆ ತಡೆದಳು. ಆದರೆ ನನ್ನ ಕಡೆ ನೋಡದೆ, “ಬಂಗಡೆದು ಖರೆ ಅಂತಾತು” ಎಂದಳು. ಮದುವೆಯಾದಾಗಿನಿಂದ ನಾನು ಕಾದದ್ದು ಈ ಮಾತಿಗೆ.

ಗೋಡೆ ಏರಲಿಲ್ಲ. ಮೇಸ್ತ್ರಿ ಸೋಮವಾರ ಬಂದು ಕಲ್ಲುಗಳನ್ನು ಹಿತ್ತಿಲಿಗೆ ಸಾಗಿಸಿ ಹೋದ. ಈಗ ಸಂಜೆ ಚಹಾ ಆದದ್ದೇ ಕುರ್ಚಿಯಲ್ಲಿ ಕೂರುವವಳು ಶಾರದೆ, ಪಕ್ಕದಲ್ಲಿ ತುಂಬಿದ ಕೊಡಪಾನ. ಗೋಡೆಯ ಆಚೆ ನಿಂತ ಅಕ್ಕಪಕ್ಕದವರಿಗೆಲ್ಲ ಹಸಿರು ಕಾರಿನ ಕಥೆಯನ್ನು ದಿನಕ್ಕೊಮ್ಮೆಯಾದರೂ ಹೇಳುತ್ತಾಳೆ. ನಾನು ಹಿಂದೆ ಮೆಟ್ಟಿಲ ಮೇಲೆ ಕೂತು ಕೇಳುತ್ತೇನೆ. ಕೊನೆಯಲ್ಲಿ ಅದು ಹೊರಟ ಸದ್ದನ್ನೂ ಬಾಯಲ್ಲಿ ಮಾಡಿ ತೋರಿಸುತ್ತಾಳೆ. ಎರಡನೆಯ ಗಿಯರಿಗೆ ಬೀಳುವಾಗಿನ ಬಿಕ್ಕಳಿಕೆ ಮಾತ್ರ ಅವಳಿಗೆ ಸರಿಯಾಗಿ ಬರುವುದಿಲ್ಲ. ತಿದ್ದಬೇಕೆಂದು ನಾಲಗೆ ತುದಿಯ ತನಕ ಬರುತ್ತದೆ. ಆದರೆ ಕಲ್ಲು ಇನ್ನೂ ಹಿತ್ತಿಲಲ್ಲೇ ಇದೆ, ಮೇಸ್ತ್ರಿಯ ಫೋನ್ ನಂಬರು ಅವಳ ಹತ್ತಿರವೇ ಇದೆ. ಆದ್ದರಿಂದ ಬಹಳ ಚೆನ್ನಾಗಿದೆ ಎಂದು ತಲೆಯಾಡಿಸುತ್ತೇನೆ.