ಬಲಗಡೆಯ ಹಲ್ಲು

ಶೇಂಗಾ ಹುರಿಯುವಾಗ ಫೋನು ಎತ್ತಬಾರದು ಎಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೂ ಎತ್ತಿದೆ. ಮಗಳ ಸಾಲೆಯ ಅಕ್ಕೋರು ಮಾತಾಡುತ್ತಿದ್ದರು. “ಗಿರಿಜಾನ ಅವ್ವಾರ ಏನ್ರಿ? ನಿಮ್ಮ ಹುಡುಗಿ ಊಟದ ಡಬ್ಬಿ ಮುಟ್ಟಿಲ್ರಿ. ಗಲ್ಲ ಹಿಡ್ಕೊಂಡ ಕುಂತಾಳ. ಅಳವಲ್ಲಳ, ಮಾತಾಡವಲ್ಲಳ. ನನಗ ಅಂಜಿಕಿ ಬರಾಕತ್ತೇತ್ರಿ.” ಅಷ್ಟು ಕೇಳುವುದರೊಳಗೆ ಬಾಣಲೆಯಿಂದ ಹೊಗೆ ಎದ್ದಿತು. ಒಂದಷ್ಟು ಶೇಂಗಾ ಇದ್ದಿಲಾಗಿದ್ದವು, ಉಳಿದವು ಚಟ್ನಿಪುಡಿಗೆ ಆಗುವಂತಿದ್ದವು. ಎಲ್ಲಾ ಸುಡಲಿಲ್ಲವಲ್ಲ ಎಂದು ದೇವರಿಗೆ ಕೈ ಮುಗಿದು ಒಲೆ ಆರಿಸಿದೆ. ನನ್ನ ಸ್ವಭಾವವೇ ಹಾಗೆ. ಹಾಲು ಉಕ್ಕಿದರೆ ಚಹಾಕ್ಕಾಗುವಷ್ಟಾದರೂ ಉಳಿಯಿತಲ್ಲ ಎನ್ನುತ್ತೇನೆ, ಬಸ್ಸು ತಪ್ಪಿದರೆ ನಿಲ್ಲಲು ನೆರಳಿದೆಯಲ್ಲ ಎನ್ನುತ್ತೇನೆ. “ನಿನ್ನ ಮ್ಯಾಲ ಗ್ವಾಡಿ ಬಿದ್ರೂ ಬಾಗಲಾ ಉಳೀತಲ್ಲಪಾ ಶಿವನ ಅಂತಿ” ಎಂದು ನಮ್ಮ ಯಜಮಾನರು ನಗುತ್ತಾರೆ. ನಗಲಿ. ನಗುವಷ್ಟು ಆರೋಗ್ಯ ಕೊಟ್ಟಿದ್ದಾನಲ್ಲ ದೇವರು!

ಸಂಗೊಳ್ಳಿಯಲ್ಲಿ ನಮ್ಮ ಮನೆಗೂ ಸಾಲೆಗೂ ಕೂಗಳತೆಯ ದೂರ. ಹೋಗಿ ನೋಡಿದರೆ ಗಿರಿಜಾ ಬಲಗಲ್ಲದ ಮೇಲೆ ಅಂಗೈ ಒತ್ತಿಕೊಂಡು, ಕಟ್ಟೆಯ ಮೇಲೆ ಕುಳಿತ ಹಿರಿಯರ ಹಾಗೆ ಗಂಭೀರವಾಗಿ ಕುಳಿತಿದ್ದಳು. ಐದು ವರ್ಷದ ಹುಡುಗಿ, ಆದರೆ ಹೇಳಿದ ಮಾತನ್ನು ಮೀರುವವಳಲ್ಲ. ಒಮ್ಮೆ ಬೆಕ್ಕಿನ ಕಾಟಕ್ಕೆ ಬೇಸತ್ತು, “ಬಾಗಲದಾಗ ನಿಂದರು, ಯಾರನ್ನೂ ಒಳಗ ಬಿಡಬ್ಯಾಡ” ಎಂದು ಹೇಳಿ ಹಿತ್ತಲಿಗೆ ಹೋಗಿದ್ದೆ. ಬಂದು ನೋಡಿದರೆ ಅವರಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಅಂಗಳದಲ್ಲಿ ನಿಂತಿದ್ದರು. “ಅವ್ವ ಯಾರನ್ನೂ ಬಿಡಬ್ಯಾಡ ಅಂದಾಳ. ನೀನೂ ಯಾರರ ಒಬ್ಬಾಂವ ಅದಿ” ಎಂದು ಅವರಿಗೆ ಉತ್ತರ ಸಿಕ್ಕಿತ್ತಂತೆ. ಇಂಥ ಮಗಳು ಇರುವುದು ತಾಯಿಗೆ ಹೆಮ್ಮೆಯೇ. ಆದರೆ ಆ ಹೆಮ್ಮೆಗೂ ಹುಳ ಹಿಡಿಯಬಹುದು ಎಂದು ನನಗೆ ಆಗ ಗೊತ್ತಿರಲಿಲ್ಲ.

ಮನೆಯಲ್ಲಿ ಬಾಯಿ ತೆಗೆಸಿ ನೋಡಿದೆವು. ಬಲಗಡೆ ಕೆಳಗಿನ ದವಡೆ ಹಲ್ಲಿನಲ್ಲಿ ಕರಿ ಕುಳಿ. ನಮ್ಮ ಅತ್ತೆಯವರು ಲವಂಗ ಜಜ್ಜಿ ತಂದರು. ಪಕ್ಕದ ಮನೆಯ ಕಸ್ತೂರಕ್ಕ ಕರೆಯದೆಯೇ ಬಂದು, “ದವಾಖಾನಿಗೆ ಒಯ್ದು ಹಲ್ಲ ಗಿಲ್ಲ ಕೀಳಿಸೀರಿ ಮತ್ತ! ಹಲ್ಲಿನ ನರಾ ಕಣ್ಣಿಗೆ ಹೋಗಿರತೈತಿ. ಕಿತ್ತರ ದೃಷ್ಟಿ ಮಂದ ಆಗತೈತಿ” ಎಂದಳು. ನಾನು ಗಾಬರಿಯಿಂದ ಮಗಳ ಕಣ್ಣು ನೋಡಿದೆ. ಗಿರಿಜಾ ಮಾತ್ರ ಗಲ್ಲದಿಂದ ಕೈ ತೆಗೆದು, ಅಜ್ಜಿಯ ಕಡೆ ತೋರಿಸಿ, “ಹಂಗಾರ ಆಯಿಗೆ ಹಲ್ಲ ಒಂದೂ ಇಲ್ಲ. ನಾ ಗಡಿಗ್ಯಾಗಿನ ಬೆಲ್ಲ ಮುರದದ್ದು ಆಕಿಗೆ ಹೆಂಗ ಕಾಣತೈತಿ?” ಎಂದು ಕೇಳಿ ಮತ್ತೆ ಕೈ ಇಟ್ಟುಕೊಂಡಳು. ಕಸ್ತೂರಕ್ಕ ಒಲೆಯ ಮೇಲೆ ಸಾರಿಟ್ಟಿದ್ದನ್ನು ನೆನಪಿಸಿಕೊಂಡು ಎದ್ದು ಹೋದಳು.

ಮರುದಿನ ಬೈಲಹೊಂಗಲಕ್ಕೆ ಹೊರಟೆವು. ಯಜಮಾನರು ಅಲ್ಲೇ ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾರೆ, ಆದರೆ ಹಂಗಾಮಿನ ದಿನ ಅವರಿಗೆ ತಲೆ ಎತ್ತಲೂ ಬಿಡುವಿಲ್ಲ. “ಗಂಡಸೂರ ಬಂದ್ರ ನಿಂತಲ್ಲೆ ನಿಂದರೂದಿಲ್ಲ. ನಾ ಬರತೇನಿ ನಡಿ” ಎಂದು ಅತ್ತೆಯವರೇ ಸೆರಗು ಸುತ್ತಿಕೊಂಡು ಬಸ್ಸು ಹತ್ತಿದರು. ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ. ಹಲ್ಲು ಕಿತ್ತರೆ ಈ ಕೂಸು ರೊಟ್ಟಿ ಹೇಗೆ ತಿನ್ನಬೇಕು? ರೊಟ್ಟಿ ತಿನ್ನಲಾರದವರು ನಮ್ಮ ಕಡೆ ಬದುಕುವುದಾದರೂ ಹೇಗೆ? ದವಾಖಾನೆಯಲ್ಲಿ ಪಾಳಿಗಾಗಿ ಕಾಯುತ್ತ, ಹಲ್ಲು ಉಳಿದರೆ ಪೇಢೆ ಹಂಚುತ್ತೇನೆಂದು ಸವದತ್ತಿ ಎಲ್ಲಮ್ಮನಿಗೆ ಹರಕೆ ಹೊತ್ತೆ. ಕಣ್ಣು ತೆರೆದರೆ ಎದುರಿನ ಗೋಡೆಯ ಚಿತ್ರದಲ್ಲಿ ಒಂದು ದೊಡ್ಡ ಹಲ್ಲು ಮಿಠಾಯಿ ನೋಡಿ ಕಣ್ಣೀರು ಸುರಿಸುತ್ತಿತ್ತು. ಗಡಬಡಿಸಿ ಮತ್ತೆ ಕಣ್ಣು ಮುಚ್ಚಿ, ಪೇಢೆಯನ್ನು ತೆಂಗಿನಕಾಯಿಗೆ ಬದಲಾಯಿಸಿಕೊಂಡೆ. ಎಲ್ಲಮ್ಮ ತಾಯಿ, ತಿಳಿದುಕೊಳ್ಳುತ್ತಾಳೆ.

ಡಾಕ್ಟರ್ ಮೇಡಮ್ ನನಗಿಂತ ಚಿಕ್ಕ ವಯಸ್ಸಿನವರು. ಗಿರಿಜಾ ಒಳಗೆ ಹೋದವಳೇ “ಶರಣ್ರಿ” ಎಂದು ಅವರ ಕಾಲು ಮುಟ್ಟಿದಳು. ಕೈಯಲ್ಲಿ ಕನ್ನಡಿ ಕಡ್ಡಿ ಹಿಡಿದಿದ್ದ ಮೇಡಮ್ ಏನು ಮಾಡಬೇಕೆಂದು ತಿಳಿಯದೆ, ಆ ಕಡ್ಡಿಯನ್ನು ಅವಳ ತಲೆಯ ಮೇಲಿಟ್ಟೇ ಆಶೀರ್ವಾದ ಮಾಡಿದರು. ಆಮೇಲೆ ಅದನ್ನು ತೆಗೆದಿಟ್ಟು ಬೇರೆ ಕಡ್ಡಿ ತೆಗೆದುಕೊಂಡರು. ಆ ಶುಚಿ ನೋಡಿ ಅತ್ತೆಯವರಿಗೆ ಮೇಡಮ್ ಮೇಲೆ ಅರ್ಧ ವಿಶ್ವಾಸ ಅಲ್ಲೇ ಹುಟ್ಟಿತು.

ಫೋಟೋ ತೆಗೆದು ನೋಡಿ ಮೇಡಮ್ ಹೇಳಿದರು: “ಹಾಲಹಲ್ಲ ಅಂತ ಕಿತ್ತ ಒಗಿಯಾಕ ಬರಾಂಗಿಲ್ರಿ. ಇದು ಬೀಳಾಕ ಇನ್ನೂ ಭಾಳ ವರ್ಷ ಅದಾವು. ಅಲ್ಲಿತನಕ ಇದು ಹೊಸಾ ಹಲ್ಲಿಗೆ ಜಾಗಾ ಕಾಯಬೇಕು. ಒಳಗ ಸ್ವಚ್ಛ ಮಾಡಿ, ಮ್ಯಾಲೆ ಟೊಪಿಗಿ ಹಾಕಿದ್ರ ಉಳೀತೈತಿ. ಆದ್ರ ಹುಡುಗಿ ಬಾಯಿ ತಗದ ಅಳಗಾಡದಂಗ ಕುಂದರಬೇಕು. ಕುಂದರದಿದ್ರ ಕೀಳೂದ.” ಆಮೇಲೆ ಹುಬ್ಬು ಗಂಟಿಕ್ಕಿ, “ಒಂದ ವಿಚಿತ್ರ ಅಂದ್ರ, ಎಡಗಡೆ ಹಲ್ಲ ಮುತ್ತಿನಂಗ ಅದಾವು. ಬಲಗಡೆ ಅಷ್ಟ ಹಿಂಗಾಗೇತಿ. ಚಾಕ್ಲೇಟ ಭಾಳ ತಿಂತಾಳೇನ್ರಿ?” ಎಂದು ಕೇಳಿದರು.

ನಾನು ಇಂಥ ಪ್ರಶ್ನೆಗೇ ಕಾದಿದ್ದವಳಂತೆ ಎದೆಯುಬ್ಬಿಸಿದೆ. “ನಮ್ಮ ಮನ್ಯಾಗ ಚಾಕ್ಲೇಟ ಹೊಚ್ಚಲಾ ದಾಟಿ ಬರಾಂಗಿಲ್ರಿ.”

ಗಿರಿಜಾ ಕುರ್ಚಿಯಲ್ಲಿ ಮಲಗಿದಲ್ಲಿಂದಲೇ ಹೇಳಿದಳು: “ನಾ ಬಲಗಡೆ ಪ್ರಸಾದ ಇಟ್ಕೋತೇನ್ರಿ.”

“ಯಾವ ಪ್ರಸಾದ ಪುಟ್ಟಿ?”

“ಕಲ್ಲಸಕ್ರಿ. ಮುಂಜಾನಿ ಒಂದ, ಸಂಜಿಗೆ ಒಂದ. ಕಡೀಬಾರದ್ರಿ. ಕಡದ್ರ ದೇವರಿಗೆ ನೋವಾಗತೈತಿ. ಕರಗೂತನಕ ಗಲ್ಲದಾಗ ಇಡಬೇಕು.”

“ಬಲಗಡೆನ ಯಾಕ?”

ಇಷ್ಟೂ ಗೊತ್ತಿಲ್ಲದ ಡಾಕ್ಟರ್ ಇವರು ಎಂಬಂತೆ ಗಿರಿಜಾ ನೋಡಿದಳು. “ಪ್ರಸಾದ ಎಡಗೈಲೆ ತಗೋತಾರೇನ್ರಿ?”

ಮೇಡಮ್ ಏನೋ ಹುಡುಕುವವರಂತೆ ಗೋಡೆಯ ಕಡೆ ತಿರುಗಿದರು. ಅವರ ಭುಜ ಅಲುಗುತ್ತಿದ್ದುದು ನನಗೆ ಕಾಣುತ್ತಿತ್ತು. ನಾನು ಅತ್ತೆಯವರನ್ನು ನೋಡಿದೆ, ಅವರು ನನ್ನನ್ನು ನೋಡಿದರು. ಪ್ರಸಾದ ಕಡಿಯಬಾರದು ಎಂದವರು ಅವರು. ಗಲ್ಲದಲ್ಲಿ ಇಟ್ಟುಕೋ ಎಂದವಳು ನಾನು. ಪೂಜೆಯ ಹೊತ್ತಿಗೆ ಅವಳು ಕಟಕಟ ಸದ್ದು ಮಾಡದಿದ್ದರೆ ಸಾಕಾಗಿತ್ತು ನನಗೆ. ಬಲಗಡೆ ಎಂದು ಯಾರೂ ಹೇಳಿರಲಿಲ್ಲ. ಅದು ಅವಳ ಸ್ವಂತ ವಿಚಾರ. ಒಂದೇ ಕಡೆ ಇಟ್ಟುಕೊಂಡಳಲ್ಲ, ಇನ್ನೊಂದು ಕಡೆಯಾದರೂ ಉಳಿಯಿತಲ್ಲ ಎಂದು ನಾನು ಅಲ್ಲೂ ಸಮಾಧಾನ ಮಾಡಿಕೊಂಡೆ.

ಆದರೆ ಕಷ್ಟ ಶುರುವಾದದ್ದೇ ಆಗ. ಮೇಡಮ್ “ಆ ಅನ್ನು ನೋಡೋಣ” ಎಂದರು. ಗಿರಿಜಾ ತುಟಿ ಬಿಗಿದಳು. ಸೂಜಿಗೆ ಅಂಜಿದಳೆಂದು ಭಾವಿಸಿ ಸಿಸ್ಟರ್ ಫುಗ್ಗೆ ಊದಿ ಕೊಟ್ಟರು. ಅದನ್ನು ಹೊಟ್ಟೆಯ ಮೇಲಿಟ್ಟುಕೊಂಡಳು, ಬಾಯಿ ತೆಗೆಯಲಿಲ್ಲ. ನಾನು ಗದರಿಸಿದೆ, ರಮಿಸಿದೆ, ಅಪ್ಪನಿಗೆ ಫೋನು ಹಚ್ಚಿ ಕಿವಿಗೆ ಹಿಡಿದೆ. ಫೋನಿನಲ್ಲಿ ಗೊಬ್ಬರದ ಚೀಲದ ಲೆಕ್ಕವೇ ಕೇಳಿಸುತ್ತಿತ್ತು. ಕೊನೆಗೆ ಮೇಡಮ್ ಬೇಸರದಿಂದ, “ಕೀಳೂದ ಬರತೈತೇನೋ” ಎಂದು ಮೆಲ್ಲಗೆ ಅಂದಾಗ, ಗಿರಿಜಾಳ ಕಣ್ಣಂಚಿನಲ್ಲಿ ನೀರು ನಿಂತಿತು. “ಅಲ್ಲಿ ಟೊಪಿಗಿ ಹಾಕಿದ್ರ ದೇವರ ಜಾಗಾ ಮುಚ್ಚಿ ಹೋಗತೈತಿ. ಆಮ್ಯಾಲ ಪ್ರಸಾದ ಎಲ್ಲಿಡ್ಲಿ?” ಎಂದಳು.

ದಿನಾ ಪೂಜೆ ಮಾಡುವವಳು ನಾನು, ವ್ರತ ಹಿಡಿಯುವವಳು ನಾನು. ಐದು ವರ್ಷದ ಕೂಸಿನ ಒಂದು ಪ್ರಶ್ನೆಗೆ ಸೆರಗಿನಿಂದ ಅವಳ ಕಣ್ಣು ಒರೆಸಿದೆ, ಅಷ್ಟೇ ನನ್ನಿಂದಾದದ್ದು.

ಅತ್ತೆಯವರು ಎದ್ದು ಬಂದರು. ಊರಿನಲ್ಲಿ ಮಡಿ, ಮೈಲಿಗೆ, ರೀತಿ ರಿವಾಜು ಎಂದರೆ ನಮ್ಮ ಅತ್ತೆಯವರ ಮಾತೇ ಕೊನೆ. ಮದುವೆಯಾದಾಗಿನಿಂದ ಒಂದು ನಿಯಮವನ್ನೂ ಸಡಿಲಿಸಿದ್ದು ನಾನು ಕಂಡಿಲ್ಲ. ಅವರು ಸೀದಾ ಆ ದೊಡ್ಡ ದೀಪದ ಕೆಳಗೆ ಬಗ್ಗಿ, ಮೊಮ್ಮಗಳ ಮುಖದೆದುರು ಬಾಯಿ ಅಗಲಿಸಿದರು.

“ನೋಡಿಲ್ಲೆ. ಬಲಗಡೆ ಹಲ್ಲ ಐತೇನ?”

“ಇಲ್ಲ.”

“ಎಡಗಡೆ?”

“ಇಲ್ಲ.”

“ಹಂಗಾರ ದೇವರ ನನ್ನ ಬಿಟ್ಟ ಹೋಗ್ಯಾನೇನ? ಅಂವ ಹಲ್ಲಿನ ಸಂದ್ಯಾಗ ಸಂಸಾರ ಹೂಡಾಂವ ಅಲ್ಲವಾ. ನಾಲಗಿ ಮ್ಯಾಲ ಬರತಾನ, ಸೀದಾ ಒಳಗ ಹೋಗತಾನ. ಇನ್ನ ಮ್ಯಾಲ ಪ್ರಸಾದ ಕಟಕಟ ಕಡಿ, ನುಂಗು, ಬಾಯಿ ಮುಕ್ಕಳಿಸು.”

“ದೇವರಿಗೆ ನೋವಾಗತೈತೆಲ್ಲ?”

“ಇಲ್ಲಂತ. ಕೇಳೇನಿ.”

“ಯಾವಾಗ ಕೇಳಿದಿ?”

“ಈಗ ಹೊರಗ ಕುಂತಿದ್ನೆಲ್ಲ, ಆವಾಗ. ನಿಮ್ಮವ್ವ ಪೇಢೆ ಹರಕಿ ಹೊರಾಕತ್ತಿದ್ಲು, ನಾ ಇದನ್ನ ಕೇಳಾಕತ್ತಿದ್ನಿ.”

ನಾನು ಮನಸ್ಸಿನಲ್ಲೇ ಹೊತ್ತ ಹರಕೆ ಇವರಿಗೆ ಹೇಗೆ ಕೇಳಿಸಿತೋ! ಇನ್ನೂ ದೊಡ್ಡ ವಿಷಯವೆಂದರೆ, ಇಷ್ಟು ವರ್ಷ ಕಾಪಾಡಿಕೊಂಡು ಬಂದ ನಿಯಮವನ್ನು ಆ ಹಿರಿಯ ಜೀವ ಒಂದು ಹಾಲುಹಲ್ಲಿಗಾಗಿ, ಮುಖದ ಒಂದು ಗೆರೆಯೂ ಕದಲದಂತೆ ಕೈಬಿಟ್ಟಿತು. ಅವರ ಕಾಲು ಮುಟ್ಟಬೇಕೆನಿಸಿತು. ಅಷ್ಟರಲ್ಲಿ ಗಿರಿಜಾ ಬಾಯಿ ತೆಗೆದಿದ್ದಳು.

ತೆಗೆದವಳು ಮುಚ್ಚಲಿಲ್ಲ. ಸೂಜಿ ಚುಚ್ಚಿದಾಗ ಆಯಿಯ ಬೆರಳು ಗಟ್ಟಿಯಾಗಿ ಹಿಡಿದಳು, ಅಷ್ಟೇ. ಯಂತ್ರ ಗರ್ರೆಂದಾಗ ಕಣ್ಣು ಮುಚ್ಚಿ ‘ಓಂ ನಮಃ ಶಿವಾಯ’ ಎನ್ನುತ್ತಿದ್ದವಳು ನಾನು. ಎಷ್ಟು ಜೋರಾಗಿ ಎಂದರೆ, “ಅವ್ವಾರ, ಸ್ವಲ್ಪ ಸಣ್ಣಗ ಅನ್ರಿ, ಸಿಸ್ಟರಗೆ ನನ್ನ ಮಾತ ಕೇಳಿಸವಲ್ದು” ಎಂದು ಮೇಡಮ್ ಹೇಳಬೇಕಾಯಿತು. ಮೇಡಮ್‌ರ ಕೈ ಮಾತ್ರ ಒಮ್ಮೆಯೂ ಅವಸರ ಮಾಡಲಿಲ್ಲ. ಪ್ರತಿ ಸಲವೂ ಮಗಳಿಗೆ ಹೇಳಿಯೇ ಮುಂದುವರಿಯುತ್ತಿದ್ದರು: “ಈಗ ನೀರ ಬರತೈತಿ, ಈಗ ಗಾಳಿ.” ಕೂಸೆಂದು ಅಸಡ್ಡೆ ಮಾಡದೆ ಹಾಗೆ ಹೇಳುವವರನ್ನು ನಾನು ದೊಡ್ಡವರ ದವಾಖಾನೆಯಲ್ಲೂ ಹೆಚ್ಚು ಕಂಡಿಲ್ಲ.

ಮುಂದಿನ ವಾರ ಇನ್ನೊಮ್ಮೆ ಹೋಗಿ ಟೊಪ್ಪಿಗೆ ಹಾಕಿಸಿದೆವು. ಬೆಳ್ಳಿಯಂತೆ ಹೊಳೆಯುವ ಆ ಹಲ್ಲನ್ನು ಗಿರಿಜಾ ಬಸ್ಸಿನ ಕಂಡಕ್ಟರಿಗೂ ತೋರಿಸಿದಳು. ಮರುದಿನ ಬಿಸಿ ರೊಟ್ಟಿಯ ಮೊದಲ ತುಣುಕನ್ನು ಬಲಗಡೆಯಿಂದಲೇ ಕಡಿದಳು. ಕಸ್ತೂರಕ್ಕ ಬೆರಳು ತೋರಿಸಿ “ಇವು ಎಷ್ಟ ಹೇಳು” ಎಂದು ಅವಳ ದೃಷ್ಟಿ ಪರೀಕ್ಷೆ ಮಾಡಿ ಹೋದಳು.

ಅಂದು ಸಂಜೆ ದೀಪ ಹಚ್ಚಿ, ಮಂಗಳಾರತಿ ಮುಗಿಸಿ, ಅತ್ತೆಯವರು ಎಲ್ಲರ ಕೈಗೂ ಕಲ್ಲುಸಕ್ಕರೆ ಕೊಟ್ಟರು. ಗಿರಿಜಾ ಕಟಕಟ ಕಡಿದು, ಮುಕ್ಕಳಿಸಿ ಬಂದು ಕುಳಿತಳು. ಯಜಮಾನರೂ ಕಡಿದರು. ನನ್ನ ಬಾಯಿಯ ಸಕ್ಕರೆ ಮಾತ್ರ ತಾನಾಗಿಯೇ ಬಲಗಲ್ಲಕ್ಕೆ ಹೋಗಿ ಕುಳಿತಿತ್ತು. ಬಲಗಡೆ ಎಂಬುದು ಮಗಳ ಸ್ವಂತ ವಿಚಾರವೆಂದು ದವಾಖಾನೆಯಲ್ಲಿ ಅಂದುಕೊಂಡಿದ್ದೆನಲ್ಲ, ಅವಳು ಅದನ್ನು ಎಲ್ಲಿಂದ ಕಲಿತಳೆಂದು ಆಗ ತಿಳಿಯಿತು. ಅವಳು ನನ್ನ ಉಬ್ಬಿದ ಗಲ್ಲವನ್ನೇ ನೋಡುತ್ತಿದ್ದಳು.

“ಅವ್ವಾ, ಕಡಿ. ಆಯಿ ಕೇಳ್ಯಾಳ.”

ಧೈರ್ಯ ಮಾಡಿ ಕಡಿದೆ. ದೇವರಿಗೆ ನೋವಾಯಿತೋ ಇಲ್ಲವೋ ತಿಳಿಯದು. ನನ್ನ ದವಡೆಯೊಳಗೆ ಎಲ್ಲೋ ಆಳದಲ್ಲಿ ಚುಳ್ಳೆಂದು ಕಿವಿಯ ತನಕ ಮಿಂಚು ಹೊಡೆಯಿತು. ಮಗಳು ಇನ್ನೂ ನೋಡುತ್ತಲೇ ಇದ್ದಳು. ಬಾಯಿ ಬಿಗಿಯಾಗಿ ಮುಚ್ಚಿಕೊಂಡು, ನಾಳೆಯ ಪಲ್ಯಕ್ಕೆ ಮಡಕಿಕಾಳು ನೆನೆಹಾಕಲು ಎದ್ದೆ.