ಒಂದು ದಿನ ಮೊದಲೇ ಬಂದ ಈದ್ ಹಬ್ಬದ ಬಗ್ಗೆ ದೂರು

ಇವರಿಗೆ:
ಶ್ರೀ ಬ್ರಿಜ್‌ಮೋಹನ್ ಖೇತಾನ್,
ಆಡಳಿತ ವ್ಯವಸ್ಥಾಪಕರು, ರುವಿ ಕಚೇರಿ, ಮಸ್ಕತ್
(ಒಂದು ಪ್ರತಿ ಚಹಾ ಯಂತ್ರದ ಪಕ್ಕದ ಸೂಚನಾ ಫಲಕಕ್ಕೆ, ಎಲ್ಲರ ಓದಿಗಾಗಿ)

ಮಾನ್ಯರೇ,

ಇಂದು ಏಪ್ರಿಲ್ ಏಳನೇ ತಾರೀಖು, ಸೋಮವಾರ. ಹಬ್ಬದ ರಜೆ ಮುಗಿಸಿ ಮರಳಿರುವ ತಮ್ಮ ಆರೋಗ್ಯ ಚೆನ್ನಾಗಿರಲೆಂದೂ, ತಮ್ಮ ಮೇಜಿನ ಮೇಲಿನ ಖರ್ಜೂರದ ಬಟ್ಟಲು ಸದಾ ತುಂಬಿರಲೆಂದೂ ಹಾರೈಸುತ್ತ, ಈ ಪತ್ರದ ಉದ್ದೇಶವನ್ನು ಮೊದಲಿಗೇ ಖಚಿತವಾಗಿ ಹೇಳಿಬಿಡುತ್ತೇನೆ: ನಮ್ಮ ಹಡಗು ದಾಖಲೆ ವಿಭಾಗದ ಹಿರಿಯರಾದ ಶ್ರೀ ಟಿ. ವಿ. ಪುಷ್ಕರನ್ ಅವರು ಕಚೇರಿಯ ವಾಟ್ಸಾಪ್ ಗುಂಪಿಗೆ ಕಳುಹಿಸುವ ಸಂದೇಶಗಳ ವಿರುದ್ಧ, ತಾವು ನನ್ನಿಂದ ಅಪೇಕ್ಷಿಸಿರುವ ಲಿಖಿತ ದೂರನ್ನು ಸಲ್ಲಿಸುವುದು.

ನಿನ್ನೆ, ಇಲ್ಲಿನ ವಾರದ ಮೊದಲ ಕೆಲಸದ ದಿನವಾದ ಭಾನುವಾರ, ತಾವು ನನ್ನನ್ನು ಕೊಠಡಿಗೆ ಕರೆದು, ಬಾಗಿಲು ಮುಂದಕ್ಕೆಳೆದು, "ನೋಡು ಬೇಟಾ, ಅವನ ಕಾಂಟ್ರಾಕ್ಟ್ ಈ ತಿಂಗಳ ಕೊನೆಗೆ ಮುಗಿಯುತ್ತೆ. ನೀನು ಎರಡು ಸಾಲು ಬರೆದುಕೊಡು, ನಾನು ಮುಂದುವರಿಸಲ್ಲ. ಅವನು ಊರಿಗೆ, ನೀನು ಅವನ ಕುರ್ಚಿಗೆ. ಓದಿದ ಹುಡುಗಿ, ಅರ್ಥ ಆಗುತ್ತೆ ನಿಂಗೆ," ಎಂದು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಅಚ್ಚಳಿಯದೆ ನಿಂತಿದೆ. ನಾನು ಓದಿದ ಹುಡುಗಿ ಎಂಬುದು ನಿಜ. ಶಾಲೆಯಲ್ಲಿ ಮೊದಲ ತರಗತಿಯಿಂದ ಕೊನೆಯ ತರಗತಿಯವರೆಗೂ, ಆಮೇಲೆ ವಾಣಿಜ್ಯ ಪದವಿಯಲ್ಲೂ ನನಗಿಂತ ಮುಂದೆ ಯಾರೂ ಇರಲಿಲ್ಲ. ಹಾಗಾಗಿಯೇ ಎರಡು ಸಾಲಿನಲ್ಲಿ ಯಾವ ವಿಷಯವನ್ನೂ ಬರೆದು ಮುಗಿಸುವ ಅಭ್ಯಾಸ ನನಗಿಲ್ಲ. ಸ್ವಲ್ಪ ವಿಸ್ತರಿಸಲು ಅನುಮತಿ ಇದೆಯೆಂದು ಭಾವಿಸುತ್ತೇನೆ.

ಪುಷ್ಕರನ್ ಅವರ ವಿರುದ್ಧ ನನಗಿರುವ ಅಸಮಾಧಾನ ನಿನ್ನೆ ಮೊನ್ನೆಯದಲ್ಲ. ಈ ಕಂಪನಿಗೆ ಸೇರಿದ ಮೊದಲ ವಾರದಲ್ಲೇ ಅವರು ನನ್ನನ್ನು ಗುಂಪಿಗೆ ಸೇರಿಸಿ, "ಸ್ವಾಗತ ಮಗಳೇ" ಎಂದು ಬರೆದು, ಅದರ ಕೆಳಗೆ ಒಂಟೆಯ ಮುಖವನ್ನು ಹೋಲುವ ಬದನೆಕಾಯಿಯೊಂದರ ಚಿತ್ರವನ್ನು ಹಾಕಿದ್ದರು. ಸ್ವಾಗತಕ್ಕೂ ಬದನೆಕಾಯಿಗೂ ಏನು ಸಂಬಂಧವೆಂದು ನಾನು ಇಂದಿಗೂ ಯೋಚಿಸುತ್ತಿದ್ದೇನೆ. ಅಂದಿನಿಂದ ಬೆಳಗಿನ ಚಹಾದೊಂದಿಗೆ ಏನು ಬರುತ್ತದೆಂದು ನಾವು ಯಾರೂ ಊಹಿಸುವ ಸ್ಥಿತಿಯಲ್ಲಿರಲಿಲ್ಲ. ಆಕ್ಟೋಪಸ್‌ಗೆ ಮೂರು ಹೃದಯಗಳಿರುವ ಸಂಗತಿ. ರುವಿ ಬಸ್ ನಿಲ್ದಾಣದ ಬಳಿ ಸಿಕ್ಕ ಎಡಗಾಲಿನ ಹೊಸ ಚಪ್ಪಲಿ ಮತ್ತು "ಬಲಗಾಲಿನದು ಯಾರ ಹತ್ತಿರ ಇದೆ, ಪಾಪ ಕುಂಟುತ್ತಿರಬಹುದು" ಎಂಬ ಟಿಪ್ಪಣಿ. ಲೆಕ್ಕ ವಿಭಾಗದ ಶ್ರೀ ಲೋಬೊ ಅವರ ಕಾರಿನ ಮೇಲೆ ಮಲಗಿದ ಬೆಕ್ಕು. ಯಾವ ಅಂಗಡಿಗೆ ಸಲಾಲಾದ ಬಾಳೆಹಣ್ಣು ಬಂದಿದೆ. ಮಳೆ ಬಂದ ದಿನ ಯಾವ ಒಣಹಳ್ಳ ತುಂಬಿ ರಸ್ತೆಗೆ ನುಗ್ಗಿದೆ. ಹೆಸರಿಲ್ಲದ ಜಪಾನಿ ವೈದ್ಯರೊಬ್ಬರು ಬೆನ್ನುನೋವಿಗೆ ಹೇಳಿದ ಉಪಾಯ. ಇವೆಲ್ಲವೂ ಒಂದೇ ಗಾಂಭೀರ್ಯದಿಂದ, ಒಂದೇ ಮುಂಜಾನೆಯಲ್ಲಿ ಬರುತ್ತಿದ್ದವು.

ಕಂಪ್ಯೂಟರಿನ ಪಕ್ಕ ಬಾಳೆಹಣ್ಣು ಇಟ್ಟರೆ ಅದು ಕಣ್ಣಿಗೆ ಹಾನಿ ಮಾಡುವ ಕಿರಣಗಳನ್ನು ಹೀರಿಕೊಳ್ಳುತ್ತದೆ ಎಂದು ಅವರು ರವಾನಿಸಿದ ದಿನವನ್ನು ತಾವು ಮರೆತಿರಲಾರಿರಿ, ಏಕೆಂದರೆ ತಮ್ಮ ಮೇಜಿನ ಮೇಲೂ ಎರಡು ಹಣ್ಣುಗಳಿದ್ದವು. ಆ ಮಾತಿಗೆ ವಿಜ್ಞಾನದ ಆಧಾರವಿಲ್ಲವೆಂದು ನಾನು ಆಧಾರಗ್ರಂಥಗಳ ಸಹಿತ ಐದು ಪ್ಯಾರಾಗಳ ಉತ್ತರ ಬರೆದೆ. ಗುಂಪಿನಲ್ಲಿ ಅದನ್ನು ಪೂರ್ತಿ ಓದಿದವರು ಯಾರೂ ಇರಲಿಲ್ಲವೆಂಬುದಕ್ಕೆ ಸಾಕ್ಷಿಯಾಗಿ ಶ್ರೀ ಲೋಬೊ ನನ್ನ ಉತ್ತರದ ಕೆಳಗೆ, "ಥ್ಯಾಂಕ್ಸ್ ಪುಷ್ಕರನ್ ಚೇಟ್ಟಾ, ನಾಳೆ ಒಂದು ಡಜನ್ ತರ್ತೀನಿ," ಎಂದು ಬರೆದರು. ನೊಣಗಳು ಬಂದವು. ಸಂಜೆಯ ಹೊತ್ತಿಗೆ ಕಪ್ಪಾಗಿದ್ದ ಹಣ್ಣುಗಳನ್ನು ನೋಡಿ ಎಲ್ಲರೂ, ಎಷ್ಟು ಕಿರಣ ಹೀರಿಬಿಟ್ಟಿದೆ ನೋಡಿ ಎಂದು ಬೆರಗಾದರು. ಸುಳ್ಳನ್ನು ಸಾಬೀತುಪಡಿಸಲು ಬಾಳೆಹಣ್ಣಿಗಿರುವ ಸಾಮರ್ಥ್ಯ ನನ್ನ ಪದವಿಗೆ ಇಲ್ಲವೆಂಬುದು ಅಂದು ತಿಳಿಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಹುಟ್ಟಿ ಬೆಳೆದ ನನಗೂ, ಇಲ್ಲಿ ತಲೆಗೂದಲು ನರೆಸಿಕೊಂಡ ತಮಗೂ ಗೊತ್ತಿರುವಂತೆ, ಗಡಿಯಾಚೆ ದುಬೈ ಅಜ್ಮಾನ್‌ಗಳಲ್ಲಿ ಕಂಡ ಚಂದ್ರ ಮಸ್ಕತ್ತಿನಲ್ಲೂ ಕಂಡಂತೆ ಆಗುವುದಿಲ್ಲ. ಈ ದೇಶ ತನ್ನ ಚಂದ್ರನನ್ನು ತನ್ನ ಕಣ್ಣಿನಿಂದಲೇ ನೋಡುತ್ತದೆ. ಅವರ ಹಬ್ಬ ಒಂದು ದಿನವಾದರೆ ನಮ್ಮದು ಎಷ್ಟೋ ಸಲ ಮರುದಿನ. ನಮ್ಮ ಕಂಪನಿಯ ರಜೆಯೂ ಹಬ್ಬದ ದಿನದಿಂದಲೇ ಆರಂಭ, ಒಂದು ದಿನ ಮೊದಲಲ್ಲ. ಉಪವಾಸದ ಕೊನೆಯ ಶನಿವಾರ ಸಂಜೆ ಅಜ್ಮಾನಿನಲ್ಲಿರುವ ಪುಷ್ಕರನ್ ಅವರ ಭಾವಮೈದುನ "ಚಂದ್ರ ಕಂಡಾಯ್ತು, ನಾಳೆ ಈದ್" ಎಂದು ಅವರಿಗೆ ಕಳುಹಿಸಿದರು. ಅವರು ಅದನ್ನು ಒಂದು ಗುಲಾಬಿ ಹೂವಿನೊಂದಿಗೆ ನಮ್ಮ ಗುಂಪಿಗೆ ರವಾನಿಸಿದರು. ನಾನು ತಕ್ಷಣವೇ, ಇಲ್ಲಿನ ಚಂದ್ರದರ್ಶನ ಸಮಿತಿ ಇನ್ನೂ ಏನನ್ನೂ ಪ್ರಕಟಿಸಿಲ್ಲವೆಂದೂ, ಪ್ರಕಟಣೆಯಾಗುವವರೆಗೆ ಭಾನುವಾರ ಕೆಲಸದ ದಿನವೇ ಎಂದೂ, ಅಗತ್ಯ ವಿವರಗಳೊಂದಿಗೆ ಬರೆದೆ. ಆ ವೇಳೆಗೆ ಗುಂಪಿನಲ್ಲಿ ಅಭಿನಂದನೆಗಳ ಮಹಾಪೂರ ಬಂದು ನನ್ನ ಮಾತು ಎಲ್ಲೋ ಮೇಲಕ್ಕೆ ಸರಿದುಹೋಗಿತ್ತು. ಆಮೇಲೆ ಸಮಿತಿಯ ಪ್ರಕಟಣೆಯನ್ನು ನೋಡಿದವರು ಯಾರೂ ಇರಲಿಲ್ಲ, ಹಬ್ಬ ಯಾವಾಗೆಂದು ಎಲ್ಲರಿಗೂ ಆಗಲೇ ಗೊತ್ತಿತ್ತಲ್ಲ.

ಭಾನುವಾರ ಬೆಳಿಗ್ಗೆ ಕಚೇರಿಗೆ ಬಂದವಳು ನಾನೊಬ್ಬಳೇ. ಹಬ್ಬಕ್ಕೆ ಮೊದಲಿನ ಕೊನೆಯ ಸರಕಿಗಾಗಿ ನಿಜ್ವಾ ಪಟ್ಟಣದ ಗುತ್ತಿಗೆದಾರರ ಲಾರಿಗಳು ಗೇಟಿನ ಮುಂದೆ ಸಾಲುಗಟ್ಟಿದ್ದವು. ಗೋದಾಮಿನ ಬೀಗದ ಕೈ ಗೋದಾಮಿನವರ ಜೇಬಿನಲ್ಲಿತ್ತು, ಗೋದಾಮಿನವರು ಹೆಂಡತಿ ಮಕ್ಕಳೊಡನೆ ಸಮುದ್ರತೀರದಲ್ಲಿದ್ದರು. ಮೊದಲ ಲಾರಿಯ ಚಾಲಕ ಜರ್ವಾಲಿ ಖಾನ್ ಎಂಬ ಹಿರಿಯ ಪಠಾಣರು ಗೇಟಿನ ಸರಳುಗಳ ನಡುವಿನಿಂದ ನನ್ನನ್ನು ನೋಡಿ, "ತಂಗೀ, ಉಪವಾಸ ಇರೋ ನಾವು ಕೆಲಸಕ್ಕೆ ಬಂದಿದ್ದೀವಿ. ಉಪವಾಸ ಇಲ್ಲದೋರೆಲ್ಲ ಹಬ್ಬ ಮಾಡ್ತಾ ಇದ್ದಾರಾ?" ಎಂದು ಬಹಳ ಸೌಜನ್ಯದಿಂದ ಕೇಳಿದರು.

ಅದೇ ವೇಳೆಗೆ ನಮ್ಮ ಪ್ರಧಾನ ವ್ಯವಸ್ಥಾಪಕರಾದ ಶ್ರೀ ಖಲ್ಫಾನ್ ಅಲ್ ರವಾಹಿ ಅವರ ಮನೆಯ ಮುಂದೆ ನಡೆದದ್ದನ್ನು ನಾನು ಕಣ್ಣಾರೆ ನೋಡಲಿಲ್ಲ. ಆದರೆ ಪುಷ್ಕರನ್ ಅವರು ತಮ್ಮ ಅಭ್ಯಾಸದಂತೆ ಚಿತ್ರ ತೆಗೆದು, ಪ್ರಮಾದ ತಿಳಿಯುವ ಮೊದಲೇ ಗುಂಪಿಗೆ ಕಳುಹಿಸಿದ್ದರಿಂದ ಅದರ ನಿಖರವಾದ ದಾಖಲೆ ನಮ್ಮಲ್ಲಿದೆ. ಚಿತ್ರದ ಹಿಂಬದಿಯಲ್ಲಿ ನಮ್ಮ ಸಿಬ್ಬಂದಿ ಹೊಸ ಬಟ್ಟೆಗಳಲ್ಲಿ ನಿಂತಿದ್ದಾರೆ. ಮುಂಬದಿಯಲ್ಲಿ, ಜರಿಯಂಚಿನ ಕೆನೆಬಣ್ಣದ ಕುರ್ತಾ ತೊಟ್ಟು, ಎಲ್ಲರಿಗಿಂತ ದೊಡ್ಡ ಕೇಕನ್ನು ಎರಡೂ ಕೈಗಳಲ್ಲಿ ಹಿಡಿದು, ಕರೆಗಂಟೆಯನ್ನು ಮೊಣಕೈಯಿಂದ ಒತ್ತುತ್ತಿರುವ ಮಹನೀಯರು ತಾವೇ. ಆ ಕುರ್ತಾ ತಮಗೆ ಬಹಳ ಒಪ್ಪುತ್ತದೆ ಎಂದು ಹೇಳುವ ಅವಕಾಶ ನನಗೆ ಈವರೆಗೆ ಸಿಕ್ಕಿರಲಿಲ್ಲ. ಪುಷ್ಕರನ್ ಅವರ ಮಾತನ್ನು ಯಾರೂ ನಂಬಬಾರದೆಂದು ನಿನ್ನೆ ನನಗೆ ಬೋಧಿಸಿದ ತಾವೇ ಆ ಮಾತನ್ನು ಎಲ್ಲರಿಗಿಂತ ಹೆಚ್ಚು ನಂಬಿ, ಎಲ್ಲರಿಗಿಂತ ಮುಂದೆ ನಿಂತು, ಸಹೋದ್ಯೋಗಿಗಳ ಮೇಲಿನ ವಿಶ್ವಾಸವೆಂದರೆ ಹೇಗಿರಬೇಕೆಂದು ತೋರಿಸಿಕೊಟ್ಟಿದ್ದೀರಿ.

ಶ್ರೀ ಲೋಬೊ ಹೇಳಿದ ಪ್ರಕಾರ, ಇಡೀ ತಿಂಗಳಿನ ಉಪವಾಸದ ಆಯಾಸ ಹೊತ್ತ ಮುಖದಲ್ಲಿ ಬಾಗಿಲು ತೆರೆದ ಪ್ರಧಾನ ವ್ಯವಸ್ಥಾಪಕರು ಕೇಕನ್ನೂ ತಮ್ಮನ್ನೂ ಒಂದೆರಡು ಕ್ಷಣ ನೋಡಿ, "ಬನ್ನಿ, ಕೂತ್ಕೊಳ್ಳಿ. ಕೇಕು ಫ್ರಿಜ್ಜಲ್ಲಿ ಇಡೋಣ, ನಾಳೆವರೆಗೆ ಕೆಡಲ್ಲ ಅಲ್ವಾ?" ಎಂದರಂತೆ. ಆಮೇಲೆ, "ಅಂದ ಹಾಗೆ ಇವತ್ತು ಆಫೀಸಲ್ಲಿ ಯಾರಿದ್ದಾರೆ?" ಎಂದರಂತೆ. ಅದಕ್ಕೆ ಎಲ್ಲರೂ ತಮ್ಮ ತಮ್ಮ ಹೊಸ ಚಪ್ಪಲಿಗಳನ್ನು ನೋಡಿಕೊಂಡರಂತೆ.

ಅಲ್ಲಿಂದ ನೇರವಾಗಿ ಕಚೇರಿಗೆ ಬಂದವರು ಪುಷ್ಕರನ್ ಅವರೊಬ್ಬರೇ ಎಂಬುದನ್ನು ದೂರಿನ ಭಾಗವಾಗಿಯೇ ದಾಖಲಿಸಬೇಕಾಗಿದೆ. ತಾವು ಸೀಬ್‌ನಲ್ಲಿರುವ ತಮ್ಮ ಭಾವನವರ ಮನೆಯ ಊಟಕ್ಕೆ ಹೊರಟಿರೆಂದು ತಿಳಿದು, ಅಂದು ತಾವಾದರೂ ಹಸಿದಿರಬೇಕಾಗಲಿಲ್ಲವಲ್ಲ ಎಂದು ನೆಮ್ಮದಿಪಟ್ಟೆ. ಪುಷ್ಕರನ್ ಅವರ ರೇಷ್ಮೆ ಅಂಗಿಯ ತೋಳಿಗೆ ಕೇಕಿನ ಕೆನೆ ಮೆತ್ತಿತ್ತು. ಅವರು ಮೊದಲು ಚಾಲಕರ ಬಳಿ ಹೋಗಿ, "ಖಾನ್ ಸಾಹೇಬ್ರೇ, ತಪ್ಪು ನಂದು. ಬೈಯೋದಿದ್ರೆ ಈ ಮಗೂನ ಬೈಬೇಡಿ, ನನ್ನ ಬೈರಿ," ಎಂದರು. ಜರ್ವಾಲಿ ಖಾನ್ ಅವರು, "ಉಪವಾಸದಲ್ಲಿ ಬೈಯೋ ಹಾಗಿಲ್ಲ ಅಣ್ಣಾ, ನಾಳೆ ಫೋನ್ ಮಾಡಿ ಬೈತೀನಿ," ಎಂದರು. ಆಮೇಲೆ ಪುಷ್ಕರನ್ ಅವರು ನನ್ನ ಮೇಜಿನ ಬಳಿ ಬಂದು ಕನ್ನಡಕ ಏರಿಸಿ, "ಮಗಳೇ, ನೀನು ಬರೆದಿದ್ದನ್ನ ಈಗ ಕಾರಲ್ಲಿ ಪೂರ್ತಿ ಓದಿದೆ. ಚೆನ್ನಾಗಿ ಬರೆದಿದ್ದೀಯ. ಸ್ವಲ್ಪ ಉದ್ದ ಆಯ್ತು," ಎಂದರು. ಬೀಗದ ಕೈ ತರಿಸಿ, ಕಾಗದಗಳನ್ನು ಸಿದ್ಧಪಡಿಸಿ, ಕೊನೆಯ ಲಾರಿ ಹೊರಡುವವರೆಗೂ ಅವರು ಗೇಟಿನ ಬಿಸಿಲಿನಲ್ಲೇ ನಿಂತಿದ್ದರು. ಚಾಲಕರು ಕುಡಿಯುತ್ತಿಲ್ಲವೆಂದು ಅವರೂ ಒಂದು ಹನಿ ನೀರು ಕುಡಿಯಲಿಲ್ಲ. ಸಕ್ಕರೆ ಕಾಯಿಲೆಯಿರುವವರು ಹೀಗೆ ಮಾಡುವುದು ಕಂಪನಿಯ ಸುರಕ್ಷತಾ ನಿಯಮಗಳಿಗೆ ವಿರುದ್ಧ. ಇದನ್ನೂ ದೂರಿಗೆ ಸೇರಿಸಿಕೊಳ್ಳಬೇಕಾಗಿ ಕೋರುತ್ತೇನೆ.

ನಿಜ್ವಾ ಗುತ್ತಿಗೆದಾರರು ತಡವಾದುದಕ್ಕೆ ಕಂಪನಿಯ ಮೇಲಿನವರಿಗೆ ದೂರಿತ್ತರು. ಮೇಲಿನವರು ತಮ್ಮನ್ನು ಕಾರಣ ಕೇಳಿದರು. ತಮಗೆ ಒಂದು ಹೆಸರು ಬೇಕಾಯಿತು. ಅದು ಸಹಜ. ನಿನ್ನೆಯೇ ತಾವು ಹೊರಡಿಸಿದ ಆಜ್ಞೆಯಂತೆ ಪುಷ್ಕರನ್ ಅವರು ಗುಂಪಿಗೆ ಏನನ್ನೂ ಕಳುಹಿಸುತ್ತಿಲ್ಲ. ಇದರಿಂದಾಗಿ ನನ್ನ ದೂರು ಒಂದಿದ್ದದ್ದು ಎರಡಾಗಿದೆ. ಇಂದು ಬೆಳಿಗ್ಗೆ ವಾದಿ ಕಬೀರ್ ರಸ್ತೆಯನ್ನು ಅಗೆದು ಮುಚ್ಚಿರುವುದು ಯಾರಿಗೂ ತಿಳಿಯದೆ ಅರ್ಧ ಕಚೇರಿ ತಡವಾಗಿ ಬಂತು. ಗುಂಪಿನಲ್ಲಿ ಈಗಿರುವುದು ಹಾಜರಾತಿಯ ಕುರಿತ ತಮ್ಮ ಸುತ್ತೋಲೆಯೊಂದೇ. ಅದರ ಭಾಷೆ ನಿರ್ದುಷ್ಟವಾಗಿದೆ, ನನ್ನ ಬರಹದಷ್ಟೇ ಉದ್ದವಾಗಿದೆ, ಮತ್ತು ನನ್ನ ಬರಹವನ್ನು ಓದಿದಷ್ಟೇ ಜನ ಅದನ್ನೂ ಓದಿದ್ದಾರೆ. ಒಬ್ಬ ಲೇಖಕಿಯಾಗಿ ತಮ್ಮ ದುಃಖವನ್ನು ನಾನು ಹಂಚಿಕೊಳ್ಳುತ್ತೇನೆ.

ಆದ್ದರಿಂದ ನ್ಯಾಯಪಕ್ಷಪಾತಿಗಳಾದ ತಮ್ಮಲ್ಲಿ ನನ್ನ ಬೇಡಿಕೆಗಳು ಇಷ್ಟು. ಚಂದ್ರನಿಗೆ ಕಂಪನಿಯ ವತಿಯಿಂದ ನೋಟಿಸು ನೀಡಿ, ಮುಂದಿನ ವರ್ಷದಿಂದ ಗಡಿಯ ಎರಡೂ ಕಡೆ ಒಂದೇ ಸಂಜೆ ಹಾಜರಾಗುವಂತೆ ತಾಕೀತು ಮಾಡಬೇಕು. ಗೈರಾದರೆ ಸಂಬಳ ಹಿಡಿಯಬೇಕು. ಅಜ್ಮಾನಿನ ಭಾವಮೈದುನರನ್ನು ನಮ್ಮ ಶಿಸ್ತು ಸಮಿತಿಯ ಮುಂದೆ ಕರೆಸಬೇಕು. ಪುಷ್ಕರನ್ ಅವರು ಸಂದೇಶ ಕಳುಹಿಸುವುದು ತಪ್ಪಾದರೆ, ಪರಿಶೀಲಿಸದೆ ನಂಬಿ ಕೆಲಸಕ್ಕೆ ಗೈರಾಗುವುದೂ ತಪ್ಪೆಂದು ಘೋಷಿಸಿ, ಕೇಕಿನ ತೂಕಕ್ಕೆ ಅನುಗುಣವಾಗಿ ಎಲ್ಲರಿಗೂ ಎಚ್ಚರಿಕೆಯ ಪತ್ರ ಕೊಡಬೇಕು. ಅತಿ ದೊಡ್ಡ ಕೇಕಿನಿಂದ ಆರಂಭಿಸುವುದು ಅನುಕೂಲ. ಮತ್ತು ಪುಷ್ಕರನ್ ಅವರ ಕಾಂಟ್ರಾಕ್ಟನ್ನು ಮುಂದುವರಿಸಿ, ಅವರು ಕಳುಹಿಸುವ ಪ್ರತಿಯೊಂದು ಸುಳ್ಳನ್ನೂ ಎಲ್ಲರೆದುರು ಖಂಡಿಸುವ ನನ್ನ ಹಕ್ಕನ್ನು ಕಾಪಾಡಬೇಕು. ಖಂಡಿಸಲು ಏನೂ ಇಲ್ಲದ ಗುಂಪಿನಲ್ಲಿ ನನ್ನಂಥ ವಿದ್ಯಾವಂತೆ ಏನು ಮಾಡಬೇಕೆಂದು ತಾವೇ ಯೋಚಿಸಿ.

ತಮ್ಮ ಅಮೂಲ್ಯ ಸಮಯದಲ್ಲಿ ಇಷ್ಟನ್ನು ಓದಿದ್ದಕ್ಕೆ, ಓದಿದ್ದರೆ, ಕೃತಜ್ಞತೆಗಳು.

ತಮ್ಮ ವಿಶ್ವಾಸಿ,
ಹೇತ್ವಿ ಆಶರ್
ಪತ್ರವ್ಯವಹಾರ ವಿಭಾಗ

ಮರುಬರಹ: ಈ ಪತ್ರವನ್ನು ಟೈಪ್ ಮಾಡುತ್ತಿರುವಾಗ ಪ್ರಧಾನ ವ್ಯವಸ್ಥಾಪಕರು ನನ್ನ ಮೇಜಿನ ಬಳಿ ನಿಂತು, "ಪುಷ್ಕರನ್ ಯಾಕೆ ಏನೂ ಕಳಿಸ್ತಿಲ್ಲ? ಹುಷಾರಿಲ್ವಾ? ನನ್ನ ಮಗಳು ಬೆಳಿಗ್ಗೆಯಿಂದ ಬೆಕ್ಕಿನ ಚಿತ್ರ ಕೇಳ್ತಿದ್ದಾಳೆ," ಎಂದರು. ಕಾರಣವನ್ನು ಬಾಯಲ್ಲಿ ಹೇಳಿದರೆ ಉದ್ದವಾಗುತ್ತದೆಂದು ಅವರಿಗೂ ಒಂದು ಪ್ರತಿ ಕೊಟ್ಟಿದ್ದೇನೆ, ಕೇಕಿನ ಚಿತ್ರ ಸಹಿತ. ತಾವು ಮಧ್ಯಾಹ್ನ ಕಳುಹಿಸಿದ, ನನ್ನ ಹೆಸರಿನಲ್ಲಿ ಆಗಲೇ ಸಿದ್ಧವಾಗಿರುವ ಎರಡು ಸಾಲಿನ ದೂರನ್ನು ಇದರೊಂದಿಗೆ ವಾಪಸು ಕಳುಹಿಸುತ್ತಿದ್ದೇನೆ. ಅದಕ್ಕೆ ನಾನು ಸಹಿ ಹಾಕುವುದಿಲ್ಲ. ಶ್ರೀ ಪುಷ್ಕರನ್ ಅವರ ಕುರ್ಚಿಯಲ್ಲಿ ಕೂರುವುದೂ ಇಲ್ಲ.