ಹುಳದ ಮನೆಯ ಹೊಸ್ತಿಲಲ್ಲಿ ಪರಮಾಣು ಮೇಷ್ಟ್ರು

ಕೆಲವು ಉದ್ಯೋಗಗಳನ್ನು ನಾಲ್ಕು ಜನರ ಮುಂದೆ ಧೈರ್ಯವಾಗಿ ಹೇಳಿಕೊಳ್ಳಬಹುದು. ಮದುವೆಮನೆಯಲ್ಲಿ ಪಕ್ಕದಲ್ಲಿ ಊಟಕ್ಕೆ ಕೂತವನು ಡಾಕ್ಟರು ಎಂದು ಗೊತ್ತಾದರೆ ಸಾಕು, ಎಲೆಯ ಮುಂದೆಯೇ ಮಂಡಿನೋವು ಹೇಳಿಕೊಳ್ಳುವವರಿದ್ದಾರೆ. ಎಂಜಿನಿಯರಾದರೆ ಬಾಗಿಲು ಯಾವ ದಿಕ್ಕಿಗಿಡಬೇಕು ಎಂದು ಕೇಳುತ್ತಾರೆ. ಪಾಪ, ಗೊತ್ತಿಲ್ಲದಿದ್ದರೂ ಅವನು ಹೇಳುತ್ತಾನೆ. ನನ್ನದು ಹಾಗಲ್ಲ. ನಾನು ಬೆಂಗಳೂರಿನ ವಿಶ್ವವಿದ್ಯಾಲಯದಲ್ಲಿ ಪರಮಾಣು ವಿಜ್ಞಾನ ಕಲಿಸುವವನು. ಇಷ್ಟು ಹೇಳಿದ ಕೂಡಲೇ ಪಕ್ಕದವನು ತನ್ನ ಎಲೆಯನ್ನು ಒಂದಿಷ್ಟು ಆಚೆಗೆ ಎಳೆದುಕೊಳ್ಳುತ್ತಾನೆ. ಒಬ್ಬ ಹಿರಿಯರಂತೂ ಬಾಯಿಗಿಡುತ್ತಿದ್ದ ಹೋಳಿಗೆಯನ್ನು ತಡೆದು, "ಬಾಂಬ್ ಎಲ್ಲಿ ಮಡಗಿರ್ತೀರ ಸಾರ್, ಕಾಲೇಜಲ್ಲೋ ಮನೇಲೋ?" ಎಂದು ಮೆತ್ತಗೆ ಕೇಳಿದರು.

ಈ ಕೆಲಸವೇನು ಸುಮ್ಮನೆ ಸಿಕ್ಕಿತೇ? ಎಂ.ಎಸ್ಸಿ. ಆಯಿತು, ಪಿಎಚ್.ಡಿ. ಎಂಬ ವನವಾಸ ಆಯಿತು, ಆಮೇಲೆ ಅತಿಥಿ ಉಪನ್ಯಾಸಕನಾದೆ. ಅತಿಥಿ ಎಂದರೆ ನಮ್ಮ ಕಡೆ ಕಾಲಿಗೆ ನೀರು ಕೊಟ್ಟು ಮಣೆ ಹಾಕುತ್ತಾರೆ. ಅಲ್ಲಿ ಕೂರಲು ಕುರ್ಚಿಯೂ ಇರಲಿಲ್ಲ. ಹುದ್ದೆ ಖಾಯಂ ಆಗುವ ಹೊತ್ತಿಗೆ ನನ್ನ ತಲೆಯ ಮುಂಭಾಗ ಪೂರ್ತಿ ಬಯಲಾಗಿತ್ತು. ಅದು ವಿಕಿರಣದಿಂದ ಆದದ್ದು ಎಂದು ಊರಿನವರ ಖಚಿತ ಅಭಿಪ್ರಾಯ. ನೇಮಕಾತಿ ಆದೇಶಕ್ಕೆ ಕಾದೂ ಕಾದೂ ಆದದ್ದು ಎಂದರೆ ನಂಬುವವರು ಯಾರು?

ಇಷ್ಟೆಲ್ಲ ಪಡಿಪಾಟಲು ಪಟ್ಟು ನೆಲೆ ನಿಂತವನನ್ನು ಈ ಬೇಸಿಗೆಯಲ್ಲಿ ನಮ್ಮ ವಿಭಾಗದ ಮುಖ್ಯಸ್ಥೆ ಕರೆಸಿದರು. "ಸಾರ್, ನಿಮ್ಮ ಕೋರ್ಸಿಗೆ ಇದುವರೆಗೆ ಒಂದು ಅರ್ಜಿಯೂ ಬಂದಿಲ್ಲ. ಒಬ್ಬರೇ ಸೇರಿದರೂ ಈ ವರ್ಷ ಹೇಗೋ ನಡೆಸೋಣ. ಇಲ್ಲದಿದ್ದರೆ ಮುಚ್ಚಬೇಕಾಗುತ್ತೆ. ನೀವೇನೂ ಯೋಚನೆ ಮಾಡಬೇಡಿ, ಕಾಮರ್ಸ್ ಮಕ್ಕಳಿಗೆ ಪರಿಸರ ಅಧ್ಯಯನ ಹೇಳಿಕೊಡೋರು ಬೇಕಾಗಿದ್ದಾರೆ." ಜೀವಮಾನವಿಡೀ ಪರಮಾಣುವಿನ ಒಡಲು ಬಗೆದವನು ಇನ್ನು ಮೇಲೆ ಹಸಿ ಕಸ, ಒಣ ಕಸ ಬೇರೆ ಮಾಡುವುದನ್ನು ಪಾಠ ಮಾಡಬೇಕೇ? ಆ ಕ್ಷಣ ನನಗೆ ನೆನಪಾದದ್ದು ನಮ್ಮಣ್ಣನ ಮಗಳು ಚೈತ್ರ. ಚನ್ನಪಟ್ಟಣದಲ್ಲಿ ಬಿ.ಎಸ್ಸಿ. ಮುಗಿಸಿ, ಮುಂದೇನು ಎಂದು ಮನೆಯಲ್ಲಿ ಕೂತಿದ್ದಾಳೆ. ಭೌತಶಾಸ್ತ್ರದಲ್ಲಿ ಚುರುಕು. ಅವಳು ಒಪ್ಪಿದರೆ ನಾನು ಉಳಿದೆ.

ನಮ್ಮೂರು ಚನ್ನಪಟ್ಟಣ ತಾಲೂಕಿನ ವಿರೂಪಾಕ್ಷಿಪುರ ಹೋಬಳಿಯಲ್ಲಿದೆ. ಭಾನುವಾರ ಬೆಳಿಗ್ಗೆಯೇ ಹೊರಟೆ. ನಾಲ್ಕು ಮಾತಿನಲ್ಲಿ ಎಲ್ಲರ ಭಯ ಕಳೆದುಬಿಡೋಣ ಎಂದು, ವಿಕಿರಣ ಅಳೆಯುವ ಪುಟ್ಟ ಮೀಟರನ್ನೂ ಚೀಲಕ್ಕೆ ಹಾಕಿಕೊಂಡೆ. ಆ ಬುದ್ಧಿ ನನಗೆ ಯಾರು ಕೊಟ್ಟರೋ!

ಅಣ್ಣ ಶಿವಣ್ಣ ಜಗಲಿಯ ಕಲ್ಲುಚಪ್ಪಡಿ ಮೇಲೆ ಕೂತಿದ್ದ. ಜಯಮ್ಮತ್ತಿಗೆ ಹುಳದ ಮನೆಯಲ್ಲಿದ್ದರು. ರೇಷ್ಮೆಹುಳು ಸಾಕುವ ಮನೆಗಳಲ್ಲಿ ಇದೊಂದು ಬೇರೆಯೇ ಲೋಕ. ಸೆಂಟು ಹಾಕಿಕೊಂಡವರು, ಹೊಗೆಸೊಪ್ಪು ಮುಟ್ಟಿದವರು ಒಳಗೆ ಕಾಲಿಡುವಂತಿಲ್ಲ. ಅವತ್ತಂತೂ ಹುಳುಗಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಕಳಚಿ, ಮಳೆ ಬಂದಂತೆ ಸದ್ದು ಮಾಡುತ್ತಾ ಹಿಪ್ಪುನೇರಳೆ ಸೊಪ್ಪು ಮೇಯುತ್ತಿದ್ದವು. ಅತ್ತಿಗೆಯನ್ನು ಮಾತಾಡಿಸೋಣ ಎಂದು ಬಾಗಿಲಿಗೆ ಹೋದೆ. ಊರ ಪದ್ಧತಿ ಮರೆತಿಲ್ಲ ಎಂದು ತೋರಿಸಲು ಕಾಲು ತೊಳೆದು, ಹುಳಕ್ಕೆ ಸೋಂಕು ತಗಲದಂತೆ ಹೊಸ್ತಿಲಲ್ಲಿ ಹರಡಿದ್ದ ಸುಣ್ಣದ ಪುಡಿಯನ್ನೂ ತುಳಿದೆ.

"ಅಲ್ಲೇ ನಿಂತ್ಕೊಳಪ್ಪ!" ಅತ್ತಿಗೆ ಒಳಗಿಂದ ಕೈ ಅಡ್ಡ ಹಿಡಿದರು.

"ಕಾಲು ತೊಳೆದಿದ್ದೀನಿ ಅತ್ತಿಗೆ."

"ಕಾಲಿಗಲ್ಲ ಕಣಪ್ಪ, ನಿನ್ ಕೆಲ್ಸಕ್ಕೆ. ಅದೆಂತದೋ ಬಾಂಬಿನ ಗಾಳಿ ಮೈಗೆ ಹತ್ಕೊಂಡಿರ್ತದಂತೆ. ನನ್ ಹುಳ ಈಗ ತಾನೆ ಜ್ವರ ಎದ್ದವೆ. ಏನಾರಾ ಆಗ್ಬುಟ್ರೆ?"

ನಾನು ಹೌಹಾರಿದೆ. ನಾನು ಹುಟ್ಟಿದ ಮನೆ! ನನ್ನನ್ನು ಚಿಕ್ಕಂದಿನಿಂದ ಬಲ್ಲ, ಎಷ್ಟೋ ಸಲ ಕೈತುತ್ತು ಹಾಕಿದ ಅತ್ತಿಗೆ! ಪ್ರಯೋಗಾಲಯದ ವಸ್ತುಗಳೆಲ್ಲ ಸೀಸದ ಡಬ್ಬಿಯಲ್ಲಿ ಭದ್ರವಾಗಿರುತ್ತವೆ, ನನ್ನ ಮೈಗೆ ಏನೂ ಅಂಟುವುದಿಲ್ಲ ಎಂದು ಗಂಟಲು ಹರಿಯುವಂತೆ ಹೇಳಿದೆ. ನಂಬದಿದ್ದಾಗ ಮೀಟರು ತೆಗೆದು, ಗುಂಡಿ ಒತ್ತಿ, ನನ್ನ ಎದೆಗೇ ಹಿಡಿದುಕೊಂಡೆ. ಅದು ಒಂದು ಸಲ "ಟಿಕ್" ಎಂದಿತು. ಸ್ವಲ್ಪ ತಡೆದು ಮತ್ತೆ "ಟಿಕ್" ಎಂದಿತು.

"ಅಯ್ಯೋ ಸಿವನೇ, ಸದ್ದು ಬತ್ತಾ ಐತೆ!" ಎಂದು ಅತ್ತಿಗೆ ಬಾಗಿಲನ್ನು ಅರ್ಧ ಮುಚ್ಚಿದರು.

"ಅದು ಎಲ್ಲ ಕಡೆಯೂ ಇರುತ್ತೆ ಅತ್ತಿಗೆ! ಮಣ್ಣಲ್ಲಿ, ಕಲ್ಲಲ್ಲಿ, ಬಾಳೆಹಣ್ಣಲ್ಲಿ ಕೂಡ! ಇಲ್ಲಿ ನೋಡಿ" ಎಂದು ಮೀಟರನ್ನು ಜಗಲಿಯ ಚಪ್ಪಡಿಗೆ ಹಿಡಿದೆ. ನಮ್ಮ ರಾಮನಗರ, ಮಾಗಡಿ, ಕನಕಪುರದ ಬಂಡೆಗಳಲ್ಲಿ ಇರುವ ವಿಕಿರಣವೆಂದರೆ ಸಾಮಾನ್ಯವೇ? ಮೀಟರು ಟಿಕ್ ಟಿಕ್ ಟಿಕ್ ಎಂದು ಹುರಿಯುವಾಗ ಕಡಲೆ ಸಿಡಿದಂತೆ ಸಿಡಿಯಿತು. "ನೋಡಿದ್ರಾ? ನನಗಿಂತ ಈ ಜಗಲೀಲೇ ಜಾಸ್ತಿ ಇದೆ!" ಎಂದು ನಾನು ವಿಜಯದ ನಗೆ ನಕ್ಕೆ.

ಚಪ್ಪಡಿ ಮೇಲೆ ಕೂತಿದ್ದ ಅಣ್ಣ ಪಂಚೆ ಹಿಡಿದುಕೊಂಡು ಛಂಗನೆ ಎದ್ದು ನಿಂತ.

"ಲೇ, ಇಷ್ಟ್ ದಿಸ ಯಾಕ್ಲಾ ಹೇಳ್ನಿಲ್ಲ?"

"ಇದರಿಂದ ಏನೂ ಆಗಲ್ಲ ಅಣ್ಣ. ಅಪ್ಪ ಇದೇ ಕಲ್ಲಿನ ಮೇಲೆ ಕೂತು ತುಂಬು ಜೀವನ ಮಾಡಲಿಲ್ವಾ?"

"ಅದಕ್ಕೇ ಕಣ್ಲಾ ಅಪ್ಪಂಗೂ ನಿನ್ನಂಗೇ ಬುರುಡೆ ಆಗಿದ್ದು!"

ಆದರೂ ಕೊನೆಯ ಅಸ್ತ್ರ ಉಳಿದಿತ್ತು. "ಅತ್ತಿಗೆ, ನಿಮ್ಮ ಹುಳದ ಮನೆ ಗೋಡೆ ಇದೆಯಲ್ಲ, ಅದೂ ಇದೇ ಬಂಡೆಯ ಕಲ್ಲು. ಹುಳು ಚೆನ್ನಾಗಿಯೇ ಇಲ್ವಾ?" ಎಂದೆ. ಅತ್ತಿಗೆ ಗೋಡೆ ನೋಡಿದರು, ಹುಳು ನೋಡಿದರು, ನನ್ನನ್ನು ನೋಡಿದರು. ಇನ್ನೇನು ವಿಜ್ಞಾನ ಗೆದ್ದಿತು ಎಂದುಕೊಂಡೆ.

"ಗೋಡೇದು ನಮ್ಮೂರ್ದು ಕಣಪ್ಪ, ಹುಳಕ್ಕೆ ಒಗ್ಗೋಗೈತೆ. ನೀನು ತಂದಿರೋದು ಬೆಂಗ್ಳೂರಿಂದು."

ಮೀಟರನ್ನು ಚೀಲಕ್ಕೆ ಹಾಕಿಕೊಂಡೆ. ಹುಳುವಿನ ಹತ್ತಿರವೇ ಸೇರಿಸದವರು ಮಗಳನ್ನು ನನ್ನ ಕೋರ್ಸಿಗೆ ಕಳಿಸುತ್ತಾರೆಯೇ? ನನ್ನ ಕಣ್ಣ ಮುಂದೆ ಹಸಿ ಕಸ, ಒಣ ಕಸದ ಬಕೆಟ್ಟುಗಳು ಕುಣಿದವು. ಬಂದದ್ದಕ್ಕೆ ಹೇಳಿಬಿಡೋಣ ಎಂದು, ಚೈತ್ರಳನ್ನು ನಮ್ಮ ಕೋರ್ಸಿಗೆ ಸೇರಿಸುವ ವಿಚಾರ ಅಂಗಳದಲ್ಲಿ ನಿಂತೇ ಒದರಿದೆ. ಒಬ್ಬರೂ ಸೇರದಿದ್ದರೆ ನನ್ನ ಗತಿ ಏನಾಗುತ್ತದೆ ಎಂದೂ ಹೇಳಿದೆ. ಆ ಹೊತ್ತಿಗೆ ಚೈತ್ರ ತೋಟದಿಂದ ಸೊಪ್ಪಿನ ಹೊರೆ ಹೊತ್ತು ಬಂದು, ಬೆವರು ಸುರಿಸುತ್ತಾ ನಿಂತಿದ್ದಳು.

ಅಣ್ಣ ಗೊಣಗಿದ. "ನೀನು ಓದೋಕೋದಾಗ ನಾ ಹಾಕಿದ್ ತೆಂಗಿನ್ ಸಸಿ ನೀನು ಖಾಯಂ ಆಗೋವೊತ್ಗೆ ಫಲಕ್ಕೆ ಬಂದಿತ್ತು. ಇವ್ಳೂ ಅಷ್ಟೊರ್ಷ ಕಾಯ್ಬೇಕೇನ್ಲಾ?"

ಆಗ ಅತ್ತಿಗೆ ನಡುವೆ ಬಾಯಿ ಹಾಕಿದರು. "ಓದ್ಲಿ ಬುಡಿ. ಮಕ್ಳು ಗಟ್ಟಿ ಇರ್ತವೆ, ಏನಾಗಲ್ಲ. ಹುಳ ಸೂಕ್ಷ್ಮ. ಆದ್ರೆ ಒಂದ್ ಮಾತು, ಅದನ್ನ ಓದೋಕೆ ಸೇರ್ಕೊಂಡ್ಮೇಲೆ ಇವ್ಳೂ ಹುಳದ್ ಮನೆಗೆ ಬರಂಗಿಲ್ಲ, ಸೊಪ್ಪೂ ಮುಟ್ಟಂಗಿಲ್ಲ."

ಚೈತ್ರ ಹೊರೆಯ ಕೆಳಗಿಂದಲೇ ಕೇಳಿದಳು. "ಯಾವತ್ತೂನಾ ಅಮ್ಮ?"

"ಯಾವತ್ತೂ."

ಹೊರೆ ಧೊಪ್ಪೆಂದು ನೆಲಕ್ಕೆ ಬಿತ್ತು. "ಚಿಕ್ಕಪ್ಪ, ನಾನು ಸೇರ್ತೀನಿ!"

ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಸಂಜೆ ಅವಳೇ ಬಸ್‌ಸ್ಟಾಪಿನವರೆಗೆ ಬಂದಳು. ಪರಮಾಣುವಿನ ಮಹಿಮೆಯ ಬಗ್ಗೆ ಸಿದ್ಧಮಾಡಿಕೊಂಡು ಹೋಗಿದ್ದ ಭಾಷಣ ಹಾಗೇ ಉಳಿದಿತ್ತು, ದಾರಿಯಲ್ಲಿ ಶುರುಮಾಡಿದೆ. ಅವಳು ಮಧ್ಯದಲ್ಲೇ ತಡೆದಳು.

"ಇರ್ಲಿ ಬುಡಿ ಚಿಕ್ಕಪ್ಪ, ಇನ್ನು ರಜಾದಲ್ಲಿ ಬಂದಾಗ್ಲೂ ಬಿಸ್ಲಲ್ಲಿ ಸೊಪ್ಪು ಕಡಿಯಂಗಿಲ್ಲ, ಅಷ್ಟ್ ಸಾಕು. ನೀವೂ ಇದಕ್ಕೇ ತಾನೆ ಸೇರ್ಕೊಂಡಿದ್ದು?"

"ಛೆ ಛೆ, ಏನು ಮಾತಾಡ್ತೀಯ!" ಎಂದೆ. ಅಷ್ಟರಲ್ಲಿ ಬಸ್ಸು ಬಂತು. ಪುಣ್ಯಕ್ಕೆ ಬಂತು.

ಕೋರ್ಸು ಉಳಿಯಿತು. ಮುಖ್ಯಸ್ಥೆಗೆ ಸಂತೋಷವೋ ಸಂತೋಷ. "ಹೇಗೆ ಒಪ್ಪಿಸಿದಿರಿ ಸಾರ್?" ಎಂದರು. "ವಿಷಯದ ಆಕರ್ಷಣೆ ಮೇಡಂ" ಎಂದೆ. ಅವರು ನಂಬಿದರು; ನಂಬಿದ್ದೇ ಅನಾಹುತವಾಯಿತು. ಮೊದಲ ದಿನ ನನ್ನನ್ನು ತರಗತಿಗೆ ಕರೆತಂದು ನಿಲ್ಲಿಸಿ, "ತಾವು ಈ ಕ್ಷೇತ್ರವನ್ನು ಏಕೆ ಆರಿಸಿಕೊಂಡರು ಎಂದು ಸಾರ್ ಈಗ ಸ್ಫೂರ್ತಿದಾಯಕವಾಗಿ ಹೇಳುತ್ತಾರೆ" ಎಂದುಬಿಟ್ಟರು. ಮೊದಲ ಬೆಂಚಿನಲ್ಲಿ ನಮ್ಮ ಇಡೀ ತರಗತಿ, ಅಂದರೆ ಚೈತ್ರ, ಗಲ್ಲಕ್ಕೆ ಕೈ ಕೊಟ್ಟುಕೊಂಡು, ತುಟಿ ಬಿಗಿಹಿಡಿದು ಕೂತಿದ್ದಳು. ಬ್ರಹ್ಮಾಂಡದ ಗುಟ್ಟು, ಬೆಳಕಿನ ಮೂಲ, ಮನುಕುಲದ ನಾಳೆ ಎಲ್ಲ ನಾಲಿಗೆಯ ತುದಿಗೆ ಬಂದವು. ಅವಳ ಮುಖ ನೋಡಿದ ಕೂಡಲೇ ಬಂದ ದಾರಿಯಲ್ಲೇ ವಾಪಸು ಹೋದವು. ಗಂಟಲು ಸರಿಮಾಡಿಕೊಂಡು ಶುರುಮಾಡಿದೆ:

"ನಮ್ಮೂರಲ್ಲಿ ಬಿಸಿಲು ಬಹಳ..."